ಜಪಾನಿನ ಕಾಳಗ, ಆದವಾನಿಯ ಮೀಸೆ

ವ್ಯಾಪಾರಕ್ಕೆ ಕೂತವನ ಬಾಗಿಲಿಗೆ ಗಿರಾಕಿ ಬರದ ದಿನ ಉಂಟು, ತಮಾಷೆ ಬರದ ದಿನ ಇಲ್ಲ. ಆದವಾನಿಯ ಹತ್ತಿ ಪೇಟೆಯಲ್ಲಿ ಮಂಡಿ ಇಟ್ಟುಕೊಂಡು ನಾನು ಕಂಡದ್ದರಲ್ಲಿ ಮಾರಿದ್ದು ಸ್ವಲ್ಪ, ನಕ್ಕದ್ದು ಬಹಳ. ನಗುವನ್ನು ಯಾರೂ ತೂಗಿಸಿಕೊಂಡು ಹೋಗುವುದಿಲ್ಲ; ಅದಕ್ಕೇ ಪುಕ್ಕಟೆ ಹೇಳುತ್ತಿದ್ದೇನೆ.

ನಮ್ಮೂರು ಮದರಾಸು ಬಿಟ್ಟು ಆಂಧ್ರಕ್ಕೆ ಸೇರಿದ ಹೊಸತು. ಬೆಂಗಳೂರಿನಿಂದ ಒಂದು ವಾರಪತ್ರಿಕೆ ತರಿಸುತ್ತಿದ್ದೆ. ತರಿಸಿದ್ದು ಹತ್ತಿಯ ಧಾರಣೆ ನೋಡಲು. ಆದರೆ ಅದು ಗುಂತಕಲ್ಲು ದಾಟಿ ನಮ್ಮ ಕೈಗೆ ಬರುವಷ್ಟರಲ್ಲಿ ಧಾರಣೆ ಎರಡು ಸಲ ಏರಿ ಮೂರು ಸಲ ಇಳಿದಿರುತ್ತಿತ್ತು. ಕೆಡದೆ ಬರುತ್ತಿದ್ದದ್ದು ಕೊನೆಯ ಪುಟದ ಚಿತ್ರಕಥೆ ಒಂದೇ. ಚಿತ್ರ ಜಪಾನಿನವರದು, ಕೆಳಗಿನ ಕನ್ನಡ ಬೆಂಗಳೂರಿನವರದು. ವಾರಕ್ಕೊಂದು ದೊಡ್ಡ ಚಿತ್ರ, ಹತ್ತಿಪ್ಪತ್ತು ಸಾಲು ಮಾತು. ಒಡೆಯನನ್ನು ಕಳೆದುಕೊಂಡ ಕತ್ತಿವರಸೆಯವನೊಬ್ಬ, ಒಡೆಯನನ್ನು ಕೊಂದವನನ್ನು ಹುಡುಕುತ್ತಾ ದೇಶ ತಿರುಗುತ್ತಾನೆ. ಅವರ ಹೆಸರು ನಮ್ಮ ಪೇಟೆಯ ಯಾವ ನಾಲಿಗೆಗೂ ಹೊರಳಲಿಲ್ಲ. ನೆತ್ತಿಯ ಮೇಲೆ ಜುಟ್ಟು ಕಟ್ಟಿದವ ‘ಜುಟ್ಟಿನವ’ ಆದ. ಕೊಂದವ ‘ಕರಿ ಅಂಗಿ’ ಆದ.

ಈ ಕಥೆ ಮುಗಿಯುವ ಹೊತ್ತಿಗೆ ನಮ್ಮ ಹಮಾಲರ ಮೇಸ್ತ್ರಿಯ ಮೀಸೆಗೆ ಗಂಡಾಂತರ ಬಂತು. ಅದನ್ನೇ ಹೇಳಲು ಕುಳಿತದ್ದು. ದಾರಿಯಲ್ಲಿ ಒಂದೆರಡು ಬೇರೆಯೂ ಸಿಗುತ್ತವೆ.

ಎರಡೂ ಕಡೆ ಹರಿತ

ಮಧ್ಯಾಹ್ನ ಬುತ್ತಿ ಬಿಚ್ಚುವ ಹೊತ್ತಿಗೆ ಕಥೆ ಓದುವವರು ನಮ್ಮ ಮಂಡಿಯಲ್ಲಿ ಪತ್ರ ಬರೆಯುವ ಆಚಾರ್ಯರು. ಹಮಾಲರು ಹತ್ತಿ ಅಂಡಿಗೆಗಳ ಮೇಲೆ ಕೂತು ಕೇಳುವವರು. ಒಂದು ದಿನ ಆಲೂರು ಕಡೆಯ ಅಗಸನೊಬ್ಬ ನೀರು ಕುಡಿಯಲು ಬಂದವನು ಕೇಳುತ್ತಾ ನಿಂತ.

ಆಚಾರ್ಯರು ಓದಿದರು: “ವೀರನು ಕತ್ತಿಯನ್ನು ಸೊಂಟಕ್ಕೆ ಕಟ್ಟಿಕೊಂಡು ಒಂದೇ ನೆಗೆತಕ್ಕೆ ನದಿಯನ್ನು ಹಾರಿದನು.”

ಅಗಸನ ಕೈಯ ಚೊಂಬು ಅಲ್ಲೇ ನಿಂತಿತು. ನಮ್ಮ ಕಡೆ ಮನೆ ಮನಿ ಆದ ಹಾಗೆ ಕತ್ತೆಯೂ ಕತ್ತಿ. ಅವನಿಗೆ ತಿಳಿದ ಕತ್ತಿ ಅದೊಂದೇ.

“ಸೊಂಟಕ್ಕ ಕತ್ತಿ ಕಟ್ಟಿಕೊಂಡು ಹೊಳಿ ಜಿಗಿದನೇನ್ರಿ? ನಮ್ಮ ಕತ್ತಿ ಮೊಣಕಾಲುದ್ದ ಹಳ್ಳ ಕಂಡ್ರ ನಾಲ್ಕು ಮಂದಿ ನೂಕಿದ್ರೂ ಇಳಿಯಂಗಿಲ್ಲ!”

ಆಚಾರ್ಯರಿಗೆ ನಡುವೆ ಬಾಯಿ ಹಾಕಿದರೆ ಆಗುವುದಿಲ್ಲ. “ಸುಮ್ಮನೆ ಕೇಳೋ. ಅದು ಸಾಮಾನ್ಯ ಕತ್ತಿ ಅಲ್ಲ, ಅವನ ಅಜ್ಜನ ಕಾಲದ್ದು” ಎಂದರು.

“ಅಜ್ಜನ ಕಾಲದ್ದಾ? ಇನ್ನೂ ಬದುಕೈತಿ?”

“ಅದಕ್ಕೆ ಎರಡೂ ಕಡೆ ಹರಿತ!” ಎಂದು ಆಚಾರ್ಯರು ಗದರಿದರು.

ಅಗಸ ಚೊಂಬು ಕೆಳಗಿಟ್ಟು ಕೈ ಮುಗಿದ. “ಜಪಾನಿನ ತಳೀನೇ ದೊಡ್ಡದು ಬಿಡ್ರಿ. ನಮ್ಮದಕ್ಕ ಹಿಂದಿನ ಕಡಿ ಮಾತ್ರ ಐತಿ.”

ಬದನೆಕಾಯಿಯ ಮುಳ್ಳು

ಜುಟ್ಟಿನವನ ಮುಂದಲೆ ಬೋಳು, ಹಿಂದೆ ಜುಟ್ಟು. ಅದನ್ನು ನೋಡಿದ ದಿನದಿಂದ ಆಚಾರ್ಯರು ಅವನನ್ನು ತಮ್ಮವನೇ ಎಂದು ನಂಬಿಬಿಟ್ಟಿದ್ದರು. “ಯಾವುದೋ ಕಾಲದಲ್ಲಿ ಹಡಗು ಹತ್ತಿ ಹೋದ ನಮ್ಮ ಪೈಕಿ ಇರಬೇಕು” ಎನ್ನುತ್ತಿದ್ದರು. ನಾನು ಎದುರಾಡಲಿಲ್ಲ. ನಂಬಿಕೆಗೂ ಹತ್ತಿಗೂ ನೀರು ಹಾಕಬಾರದು.

ಒಂದು ವಾರ ಓದುತ್ತಾ ಓದುತ್ತಾ ಅವರ ದನಿ ತಟ್ಟನೆ ನಿಂತಿತು. ಕನ್ನಡಕ ಒರೆಸಿಕೊಂಡರು. ಆಮೇಲೆ ಓದಿದರು: “ಹಸಿದ ವೀರನು ನದಿಯಲ್ಲಿ ಗಾಳ ಹಾಕಿ… ಒಂದು ಬದನೆಕಾಯಿಯನ್ನು ಹಿಡಿದು, ಸುಟ್ಟು, ಮುಳ್ಳು ತೆಗೆದು ತಿಂದನು.”

ಹಮಾಲರ ತುತ್ತು ಬಾಯಿಯ ಹತ್ತಿರವೇ ನಿಂತಿತು. ಮೇಸ್ತ್ರಿ ಮೆಲ್ಲಗೆ ಕೇಳಿದ: “ಆಚಾರ್ರ, ಹೊಳ್ಯಾಗ ಬದನಿಕಾಯಿ ಸಿಗತೈತೇನ್ರಿ?”

“ಅದು ಬೇರೆ ದೇಶ. ಅಲ್ಲಿ ಏನು ಬೇಕಾದರೂ ಸಿಗುತ್ತದೆ.”

“ಸಿಗಲಿ ಬಿಡ್ರಿ. ಮುಳ್ಳು ತಗದು ತಿಂದ ಅಂದ್ರಲ್ಲ, ಅದು?”

ಆಚಾರ್ಯರು ಕನ್ನಡಕದ ಮೇಲಿನಿಂದ ಅವನನ್ನು ನೋಡಿದರು. “ಹುಟ್ಟಿದಾಗಿನಿಂದ ಎಣ್ಣೆಗಾಯಿ ತಿಂದಿದ್ದೀಯ. ಬದನೆಕಾಯಿಯ ತೊಟ್ಟಿಗೆ ಮುಳ್ಳಿರುವುದು ಒಂದು ದಿನವೂ ನೋಡಿಲ್ಲವೇನೋ?”

ಪಣ

ಈಗ ಮೀಸೆಯ ಮಾತು. ಮೇಸ್ತ್ರಿಯ ಮೀಸೆ ಎಂದರೆ ಪೇಟೆಯಲ್ಲಿ ಗುರುತು. ಹೊಸ ಬಂಡಿಯವರಿಗೆ ನಮ್ಮ ಮಂಡಿಯ ದಾರಿ ಹೇಳುವಾಗಲೂ “ಆ ಮೀಸಿ ಮೇಸ್ತ್ರಿ ನಿಂತಿರತಾನಲ್ಲ, ಅಲ್ಲಿ” ಎನ್ನುತ್ತಿದ್ದರು. ಅವನು ಬಾಯಿ ಬಿಟ್ಟು ಹಮಾಲರನ್ನು ಬೈದದ್ದು ನಾನು ಕೇಳಿಲ್ಲ. ಮೀಸೆಯ ತುದಿ ಒಮ್ಮೆ ತಿರುವಿದರೆ ಅಂಡಿಗೆ ತಾನಾಗಿ ಏಳುತ್ತಿತ್ತು.

ಕೊನೆಯ ಕಾಳಗ ಹತ್ತಿರ ಬಂದಾಗ ಪಕ್ಕದ ಅಂಗಡಿಯ ದರ್ಜಿ ಸಾಹೇಬರು ಕರಿ ಅಂಗಿಯ ಕಡೆ ನಿಂತರು. ಅವರ ಕಾರಣ ಬೇರೆ. “ಆ ನಿಲುವಂಗಿ ನೋಡ್ರಿ. ಹೆಗಲಿನಾಗ ಒಂದು ನೆರಿಗಿ ಇಲ್ಲ. ಇಂಥಾ ಅಂಗಿ ಹೊಲಿಸಿಕೊಂಡವ ಸೋಲಾಕ ಬರಂಗಿಲ್ಲ.”

ಮೇಸ್ತ್ರಿ ಎದ್ದು ನಿಂತ. “ಸಾಬರ, ಜುಟ್ಟಿನವ ಸೋತ್ರ ಈ ಮೀಸಿ ಬೋಳಸ್ತೀನಿ.”

“ಅವ ಗೆದ್ರ, ನಿನಗ ಹಂಗೇ ಒಂದು ನಿಲುವಂಗಿ ಹೊಲ್ದು ಕೊಡ್ತೀನಿ, ಭಾಯಿ.”

ನಮ್ಮಲ್ಲಿ ಅಪ್ಪ ಸತ್ತಾಗಲೇ ಮಗ ಮೀಸೆ ತೆಗೆಸುವುದು. ಇವನ ಅಪ್ಪ ಎಂಬತ್ತು ದಾಟಿ ಕೋಸಗಿಯಲ್ಲಿ ಗಟ್ಟಿಯಾಗಿದ್ದಾನೆ. ಬದುಕಿರುವ ಅಪ್ಪನ ಮುಂದೆ ಬೋಳು ತುಟಿ ಹಿಡಿದುಕೊಂಡು ಹೋಗುವುದು ಹೇಗೆ?

“ಹುಚ್ಚಾ, ಬೇರೆ ಏನಾದರೂ ಒಡ್ಡಬಾರದೇನೋ?” ಎಂದೆ.

“ಒಡ್ಡಾಕ ನನ್ನ ಹತ್ರ ಮತ್ತೇನೈತ್ರಿ ಸಾವುಕಾರ್ರ? ಉಳದದ್ದೆಲ್ಲಾ ನನ್ನ ಹೇಣ್ತಿದು.”

ಬೆಂಗಳೂರಿನ ಉತ್ತರ

ಮಾತು ಆಡಿದ ಮೇಲೆ ಮೇಸ್ತ್ರಿಯ ನಿದ್ದೆ ಹಾರಿತು. ಮುಂದಿನ ವಾರ ಜುಟ್ಟಿನವನ ಬಲಗೈಗೆ ಗಾಯ, ಅದರ ಮುಂದಿನ ವಾರ ಜ್ವರ. ಕಡೆಗೆ ಆಚಾರ್ಯರನ್ನು ಹಿಡಿದ. “ಬರ್ಯಾವರಿಗೆ ಒಂದು ಕಾಗದ ಹಾಕ್ರಿ. ಅವನ್ನ ಕೊಲ್ಲಬ್ಯಾಡ್ರಿ ಅಂತ. ಇಲ್ಲಿ ಒಂದು ಮೀಸಿ ಪ್ರಶ್ನಿ ಐತಿ ಅಂತ.”

ಆಚಾರ್ಯರಿಗೆ ಕಾಗದ ಎಂದರೆ ಸಣ್ಣದು ಬರೆಯಲು ಬಾರದು. ಮಂಗಳಾಚರಣೆಯಿಂದ ಹಿಡಿದು ಧರ್ಮವೇ ಜಯಿಸಬೇಕೆನ್ನುವ ತನಕ ಹನ್ನೊಂದು ಹಾಳೆ ತುಂಬಿಸಿದರು. ನಡುವೆ ಎರಡು ಶ್ಲೋಕವೂ ಇದ್ದವು. ಮೀಸೆ ಹನ್ನೊಂದನೆಯ ಹಾಳೆಯ ಕೆಳಗೆ ಎಲ್ಲೋ ಬಂತು.

ಹತ್ತು ದಿನಕ್ಕೆ ಅಚ್ಚಿನ ಕಾರ್ಡು ಬಂತು. ಮೇಸ್ತ್ರಿ ಹೆಗಲ ಮೇಲಿನ ಅಂಡಿಗೆ ಇಳಿಸಿ ಓಡಿ ಬಂದ. ಆಚಾರ್ಯರು ಓದಿದರು: “ತಮ್ಮ ಕಥೆಯನ್ನು ಓದಿದೆವು. ಪ್ರಕಟಿಸಲು ಅವಕಾಶವಿಲ್ಲ. ಇನ್ನಷ್ಟು ಚಿಕ್ಕದಾಗಿ ಬರೆದು ಕಳಿಸಿರಿ.”

ಮೇಸ್ತ್ರಿ ಕಾರ್ಡನ್ನು ತಿರುಗಿಸಿ ತಿರುಗಿಸಿ ನೋಡಿದ. “ಚಿಕ್ಕದಾಗಿ ಅಂದ್ರ, ಮೀಸಿನೇನ್ರಿ?”

ಕೊನೆಯ ಕಾಳಗ

ಕೊನೆಯ ಸಂಚಿಕೆ ಶುಕ್ರವಾರ ಬಂತು. ದರ್ಜಿ ಸಾಹೇಬರು ನಮಾಜಿಗೆ ಹೋಗಿದ್ದರು. ಅವರು ಬರುವ ತನಕ ತಾಳೋಣ ಎಂದೆ, ಯಾರೂ ಕೇಳಲಿಲ್ಲ.

ಪುಟ ತೆರೆದರೆ ಈ ಸಲ ಮಾತೇ ಇಲ್ಲ. ಒಂದರ ಪಕ್ಕ ಒಂದರಂತೆ ನಾಲ್ಕು ಚಿತ್ರ, ಅಷ್ಟೆ. ಆಚಾರ್ಯರು ಎಡಗಡೆಯಿಂದ ಬೆರಳಿಟ್ಟು ಹೇಳುತ್ತಾ ಹೋದರು.

“ಮೊದಲನೆಯದು. ಕರಿ ಅಂಗಿ ನೆಲಕ್ಕೆ ಬಿದ್ದಿದ್ದಾನೆ. ಜುಟ್ಟಿನವ ನಿಂತಿದ್ದಾನೆ.”

ಹಮಾಲರು ಕೇಕೆ ಹಾಕಿದರು.

“ತಾಳ್ರೋ. ಎರಡನೆಯದು. ಎರಡು ಕತ್ತಿ, ಬರೀ ಮಿಂಚು. ಮೂರನೆಯದು…” ಆಚಾರ್ಯರ ದನಿ ಇಳಿಯಿತು. “ಕರಿ ಅಂಗಿ ಎದ್ದು ನಿಂತು ಕತ್ತಿ ಎತ್ತಿದ್ದಾನೆ.”

“ಬಿದ್ದಾವ ಹೆಂಗ ಎದ್ದಾನ್ರಿ?”

“ಏನೋ ಮಾಯೆ. ನಾಲ್ಕನೆಯದು. ಜುಟ್ಟಿನವ ಕಾಲು ಜಾರಿ ಅಂಗಾತ ಬಿದ್ದಿದ್ದಾನೆ.”

ಅಷ್ಟೇ. ಪುಟ ಮುಗಿಯಿತು.

ಮೇಸ್ತ್ರಿ ಎದ್ದ. “ಬಿಡೋ, ಕಥೆ ಅದು” ಎಂದೆ. “ಕಥಿ ಅವರದ್ರಿ, ಮಾತು ನಂದು” ಎಂದವನೇ ಬೇವಿನ ಗಿಡದ ಬುಡಕ್ಕೆ ಹೋಗಿ ಕ್ಷೌರದವನ ಮುಂದೆ ಕುಕ್ಕರಗಾಲಲ್ಲಿ ಕುಳಿತ.

“ಮೀಸಿ ತಗಿ.”

ಕ್ಷೌರದವನ ಕೈಯ ಕತ್ತರಿ ಜಾರಿತು. ಪಾಪ, ಅವನಿಗೆ ಕಥೆಯ ಗಂಧ ಗಾಳಿ ಇಲ್ಲ. ಕಣ್ಣೊರೆಸಿಕೊಂಡು ಮೆಲ್ಲಗೆ ಕೇಳಿದ: “ಯಾವಾಗಪ್ಪಾ?”

“ಈಗ ಬಂತು ಸುದ್ದಿ.”

“ಹೆಂಗಾತು?”

“ಕಾಲು ಜಾರಿ ಬಿದ್ದ. ಮತ್ತ ಏಳಲಿಲ್ಲ.”

“ದೊಡ್ಡ ಮನಶ್ಯಾ ಇದ್ದ.”

“ಅಂಥಾವ ಇನ್ನೊಬ್ಬ ಹುಟ್ಟಂಗಿಲ್ಲ” ಎಂದು ಮೇಸ್ತ್ರಿಯೂ ಕಣ್ಣು ತುಂಬಿಕೊಂಡ.

ಇಬ್ಬರೂ ಅಳುತ್ತಾ ಕೆಲಸ ಮುಗಿಸಿದರು. ಕ್ಷೌರದವನು ಪೆಟ್ಟಿಗೆ ಮುಚ್ಚಿ, ಸಂಜೆಯ ರೈಲಿಗೆ ಕೋಸಗಿಯವರು ಯಾರಾದರೂ ಇದ್ದರೆ ಸಾವಿನ ಸುದ್ದಿ ಹೇಳಿ ಕಳಿಸಲು ಸ್ಟೇಷನ್ನಿನ ಕಡೆ ನಡೆದದ್ದು ನಮಗ್ಯಾರಿಗೂ ಗೊತ್ತಾಗಲಿಲ್ಲ.

ಅಷ್ಟರಲ್ಲಿ ದರ್ಜಿ ಸಾಹೇಬರು ಬಂದರು. ಗೆದ್ದಿರಿ ಎಂದು ಹೇಳಿದರೆ ಸಂತೋಷಪಡಲಿಲ್ಲ. ಮೇಸ್ತ್ರಿಯ ಮುಖ ನೋಡಿ, “ಯಾ ಅಲ್ಲಾ, ನಾನು ನಗಚಾಟಿಗೆ ಅಂದಿದ್ದೆ” ಎಂದರು. ಆಮೇಲೆ ಪತ್ರಿಕೆ ತೆಗೆದುಕೊಂಡು ಉರ್ದು ಓದುವ ತಮ್ಮ ಅಭ್ಯಾಸದಂತೆ ಬಲಗಡೆಯಿಂದ ನೋಡುತ್ತಾ ಬಂದರು. ಎಡಗಡೆಯ ಚಿತ್ರಕ್ಕೆ ಬಂದಾಗ ಹುಬ್ಬು ಮೇಲೇರಿತು.

“ಅರೇ, ಉಲ್ಟಾ ಓದೀರಲ್ರಿ ಆಚಾರ್ರ! ಜುಟ್ಟಿನವ ಮೊದಲು ಬಿದ್ದಾನ. ಬಿದ್ದಲ್ಲಿಂದನ ಹೊಡದಾನ. ಕಡೀಕ ಎದ್ದು ನಿಂತಾನ. ಸತ್ತಾವ ಕರಿ ಅಂಗಿ.”

“ಕನ್ನಡ ಪತ್ರಿಕೆಯನ್ನು ಬಲಗಡೆಯಿಂದ ಓದುತ್ತಾರೇನ್ರಿ?” ಎಂದು ಆಚಾರ್ಯರು ಸಿಡುಕಿದರು.

“ಪತ್ರಿಕಿ ಕನ್ನಡ, ಚಿತ್ರ ಜಪಾನಿಂದು. ಅವರೂ ನಮ್ಮಂಗ ಬಲಕ್ಕಿಂದ ಸುರು ಮಾಡೋರು ಇರಬೇಕು. ನನ್ನ ಮಾತು ಬ್ಯಾಡ, ಅಂಗಿ ನೋಡ್ರಿ. ಎಡಗಡಿ ಚಿತ್ರದಾಗ ಕರಿ ಅಂಗಿ ತೋಳು ಹರದೈತಿ. ಬಲಗಡಿ, ಕತ್ತಿ ಎತ್ತಿದ ಚಿತ್ರದಾಗ ಹರದಿಲ್ಲ. ಮೂವತ್ತು ವರ್ಷ ಸೂಜಿ ಹಿಡದೀನಿ. ಹರದ ತೋಳು ತಾನಾಗೇ ಹೊಲಕೊಂಡದ್ದು ನಾನು ನೋಡಿಲ್ಲ.”

ಎಲ್ಲರೂ ಬಗ್ಗಿ ನೋಡಿದೆವು. ತೋಳು ಹರಿದಿತ್ತು. ನನ್ನ ವ್ಯಾಪಾರದಲ್ಲಿ ತನ್ನ ಸೋಲಿಗೆ ತಾನೇ ಸಾಕ್ಷಿ ಹುಡುಕಿ ತಂದವರನ್ನು ನಾನು ಕಂಡದ್ದು ಅವರೊಬ್ಬರನ್ನೇ. ಹೆಗಲ ಮೇಲಿನ ಅಳತೆ ಪಟ್ಟಿ ತೆಗೆದು ಅಲ್ಲೇ ಮೇಸ್ತ್ರಿಯ ಎದೆಗೆ ಹಿಡಿದರು. ಮೇಸ್ತ್ರಿ ಒಂದು ಕೈ ಅಳತೆಗೆ ಚಾಚಿ, ಇನ್ನೊಂದರಿಂದ ತುಟಿ ಮುಚ್ಚಿಕೊಂಡು ನಿಂತಿದ್ದ.

ಮರುದಿನ ಬೆಳಗಿನ ರೈಲಿಗೆ, ಕೋಲೂರಿಕೊಂಡು, ಮೇಸ್ತ್ರಿಯ ಅಪ್ಪ ಮಂಡಿಗೆ ಬಂದ. ಮಗ ಅಂಡಿಗೆಗಳ ಹಿಂದೆ ಸರಿದ.

“ಸಾವುಕಾರ್ರ,” ಎಂದ ಮುದುಕ, “ನಿನ್ನಿ ನಾ ಸತ್ತೀನಂತ. ರಾತ್ರಿಯೆಲ್ಲಾ ಮನಿ ಮುಂದ ಹೆಣ್ಣಮಕ್ಕಳು ಅಳಾಕ ಬಂದ್ರು. ಸುಮ್ಮಕಿರ್ರೇ ಅಂದ್ರ, ನನ್ನ ನೋಡಿ ಮತ್ತೂ ಜೋರು ಅತ್ರು. ಬೆಳಿಗ್ಗೆ ಸ್ಟೇಷನ್ನಿನಾಗ ಗೇಟಿನಾವ ‘ತಾತಾ, ನುವ್ವು ಪೋಯಿನಾವಂಟ ಗದಾ?’ ಅಂದ, ಸತ್ತೀಯಂತಲ್ಲ ಅಂತ. ‘ಇಂಕಾ ಲೇದು ನಾಯನಾ’, ಇನ್ನೂ ಇಲ್ಲಪ್ಪಾ, ಅಂತ ಹೇಳಿ ಟಿಕೀಟು ತಗಂಡು ಬಂದೆ. ಖರೇನೋ ಸುಳ್ಳೋ, ಮಗನ ಮುಖ ನೋಡಿದ್ರ ತಿಳೀತೈತಿ.”

ಮೇಸ್ತ್ರಿ ಹೊರಗೆ ಬಂದು ಅಪ್ಪನ ಕಾಲು ಹಿಡಿದ. ನಾನೇ ಎಲ್ಲ ಹೇಳಿದೆ: ಜಪಾನು, ಜುಟ್ಟು, ಎಡ, ಬಲ. ಮುದುಕ ಪತ್ರಿಕೆ ಕೇಳಿ ತೆಗೆದುಕೊಂಡು ನಾಲ್ಕೂ ಚಿತ್ರದ ಮೇಲೆ ಬೆರಳಾಡಿಸಿದ.

“ಅಂದ್ರ, ಇವನೂ ಸತ್ತಿಲ್ಲ.”

“ಇಲ್ಲ ಯಪ್ಪಾ.”

“ನಾನೂ ಸತ್ತಿಲ್ಲ.”

“ಇಲ್ಲ ಯಪ್ಪಾ, ತಪ್ಪಾತು.”

ಮುದುಕ ಮಗನ ಗದ್ದ ಹಿಡಿದೆತ್ತಿ ಬೋಳು ತುಟಿಯನ್ನು ನೋಡಿದ. ಬೈಯುತ್ತಾನೆ ಎಂದು ನಾವೆಲ್ಲ ತಲೆ ತಗ್ಗಿಸಿದೆವು.

“ಖರೇನ ಸತ್ತಾಗ ಬೋಳಸಾಕ ಮೀಸಿ ಬೇಕಲ್ಲೋ,” ಎಂದ ಮುದುಕ. “ಅದು ಬರೂತನಕ ನಾ ಸಾಯಂಗಿಲ್ಲ. ಅವಸರ ಮಾಡಬ್ಯಾಡ ಮಗನ, ನಿಧಾನಕ್ಕ ಬೆಳಸು.”