ಬಿಸಿನೀರಿಗೆ ಬಿದ್ದ ವಿರ್ರಬೀನ್ ತಂಡ

"ವಿರ್ರಬೀನ್ ತಂಡದ ಕೊನೆಯ ಪಂದ್ಯವನ್ನ ನಾನು ಗೆಲ್ಲಿಸ್ಕೊಡ್ತೀನಿ!" ಎಂದು ಗುರುವಾರ ಬೆಳಿಗ್ಗೆ ತಿಂಡಿಯ ಮೇಜಿನ ಮುಂದೆ ಘೋಷಿಸಿದೆ.

ಟೋಸ್ಟಿಗೆ ಬೆಣ್ಣೆ ಸವರುತ್ತಿದ್ದ ನನ್ನ ಹೆಂಡತಿ ಐಲ್ಸಾ ತಲೆ ಎತ್ತಲೇ ಇಲ್ಲ. "ಯಾವ ಮಂಡೀಲಿ, ನೆವ್? ಹೋದ ವರ್ಷ ಆಪರೇಷನ್ ಆಯ್ತಲ್ಲ ಅದ್ರಲ್ಲೋ, ಈ ವರ್ಷ ಆಗ್ಬೇಕಲ್ಲ ಅದ್ರಲ್ಲೋ?"

"ಮಂಡಿಯಿಂದಲ್ಲ ಕಣೇ, ಮಂಡೆಯಿಂದ!"

"ಹಾಗಾದ್ರೆ ಸೋತ್ವಿ ಬಿಡು."

ನನ್ನ ಮಂಡೆಯ ಬಗ್ಗೆ ಇಲ್ಲೇ ಒಂದೆರಡು ಮಾತು ಹೇಳಿಬಿಡುತ್ತೇನೆ. ಅದರ ತುಂಬ ನಮ್ಮೂರು ವಿರ್ರಬೀನಿನ ಫುಟ್ಬಾಲ್ ತಂಡದ ಬಗೆಗಿನ ಅಭಿಪ್ರಾಯಗಳೇ ಇವೆ. ಬೇರೆಯದಕ್ಕೆ ಜಾಗವಿಲ್ಲ. ನಮ್ಮ ತಂಡ ಕೊನೆಯ ಬಾರಿ ಕಪ್ ಗೆದ್ದಾಗ ನಾನು ಅಮ್ಮನ ತೊಡೆಯ ಮೇಲೆ ಹಾಲು ಕುಡಿಯುತ್ತಿದ್ದೆ. ಅಂದಿನಿಂದ ಇಂದಿನವರೆಗೆ ತಂಡ ಸೋಲುತ್ತಲೇ ಬಂದಿದೆ, ನಾನು ಅಭಿಪ್ರಾಯ ಕೊಡುತ್ತಲೇ ಬಂದಿದ್ದೇನೆ. ಪ್ರತಿ ಶನಿವಾರ ಮೈದಾನದ ಬೇಲಿಗೆ ಮೂತಿ ತಾಗುವಂತೆ ಟ್ರಕ್ಕು ನಿಲ್ಲಿಸಿ, ಗಾಜು ಇಳಿಸಿ, ಒಂದು ಕೈಯಲ್ಲಿ ಮಾಂಸದ ಪೈ ಹಿಡಿದು ಕೂಗುತ್ತೇನೆ. "ಎಡಗಾಲಲ್ಲಿ ಒದೆಯೋಕೆ ಬರದೋನನ್ನ ಎಡಗಡೆ ಅಂಚಲ್ಲಿ ನಿಲ್ಲಿಸಿದ್ದೀಯಲ್ಲಯ್ಯಾ, ನೀನು ಕೋಚಾ? ರೈಲಿನ ಕೋಚಾದ್ರೂ ಎಂಜಿನ್ ಹೇಳಿದ ಕಡೆ ಹೋಗುತ್ತೆ!" ಎಷ್ಟೋ ಕೋಚುಗಳು ಬಂದರು, ಹೋದರು. ಎಂಜಿನ್ನಿನ ಮಾತನ್ನು ಯಾರೂ ಕೇಳಲಿಲ್ಲ.

ಕೇಳಿದ್ದರೆ ಈ ಗತಿ ಬರುತ್ತಿತ್ತೇ? ನಮ್ಮೂರಿನಲ್ಲಿ ಮೊದಲು ಬ್ಯಾಂಕು ಮುಚ್ಚಿತು, ಆಮೇಲೆ ಶಾಲೆ, ಆಮೇಲೆ ಹೆಂಡದಂಗಡಿ. ಹೆಂಡದಂಗಡಿ ಮುಚ್ಚಿದ ದಿನ ಊರವರೆಲ್ಲ ಅದರ ಜಗಲಿಯ ಮೇಲೆ ನಿಂತು ಶವಸಂಸ್ಕಾರಕ್ಕೆ ಬಂದವರ ಹಾಗೆ ಟೋಪಿ ತೆಗೆದಿದ್ದೆವು. ಈಗ ಉಳಿದಿರುವುದು ರೈಲುಹಳಿಯ ಪಕ್ಕದ ಗೋಧಿಯ ಕಣಜ, ಮತ್ತು ಮೈದಾನ. ಕೈಯಲ್ಲೂ ಚೆಂಡು ಹಿಡಿದು ಆಡುವ ನಮ್ಮ ಕಡೆಯ ಫುಟ್ಬಾಲಿಗೆ ಬೇಕಾದ ಹದಿನೆಂಟು ಜನರನ್ನು ಒಟ್ಟುಮಾಡುವುದೇ ದುಸ್ತರವಾಗಿ, ಈ ವರ್ಷ ಟಪಾಲಿನವನೂ ಅವನ ಭಾವಮೈದುನನೂ ಆಡಿದರು. ಕೊನೆಗೆ ಕ್ಲಬ್ಬಿನ ಸಮಿತಿ ಕೈಚೆಲ್ಲಿತು. ಮುಂದಿನ ವರ್ಷದಿಂದ ನಾವು ಪಕ್ಕದ ಕೂರೂಕ್ ಊರಿನ ತಂಡದಲ್ಲಿ ವಿಲೀನ!

ಕೂರೂಕ್! ಆ ಹೆಸರನ್ನು ನಾನು ಮನೆಯೊಳಗೆ ಎತ್ತುವುದಿಲ್ಲ. ಅವರ ಜರ್ಸಿ ಹಳದಿ-ಕಪ್ಪು ಪಟ್ಟೆ, ಅವರ ಲಾಂಛನ ಕಣಜದ ಹುಳು. ಕಾಳು ತುಂಬುವ ಕಣಜ ನಮ್ಮೂರಲ್ಲಿ, ಕಚ್ಚುವ ಕಣಜ ಅವರೂರಲ್ಲಿ! ಸಮಿತಿಯವರು ಈ ವಿಲೀನವನ್ನು ಮದುವೆ ಎಂದು ಕರೆದರು. ಎಂಥ ಮದುವೆ? ಮೈದಾನ ಅವರದು, ಬಣ್ಣ ಅವರದು, ಕೋಚು ಅವರದು. ನಮ್ಮದು ಹೆಸರಿನ ಕೊನೆಗೆ ಜೋತುಬಿದ್ದ ಬಾಲ. ಮತ್ತೆ ಶನಿವಾರದ ಕೊನೆಯ ಪಂದ್ಯ ಯಾರ ಮೇಲೆ ಅಂತೀರಿ? ಅದೇ ಹುಳುಗಳ ಮೇಲೆ.

ಆ ಕೊನೆಯ ಪಂದ್ಯಕ್ಕೆ ನಮ್ಮ ಹುಡುಗರು ಕಪ್ ಗೆದ್ದ ತಂಡದ ಹಳೆಯ ಜರ್ಸಿಗಳನ್ನೇ ತೊಡಬೇಕು ಎಂದು ನಿರ್ಧರಿಸಿದವಳು ಕ್ಲಬ್ಬಿನ ಅಧ್ಯಕ್ಷೆ ಗ್ಲೆನಿಸ್ ಹಾರ್ಕಿನ್. ದಪ್ಪ ಉಣ್ಣೆಯವು, ಉದ್ದ ತೋಳಿನವು, ಕೆಂಪು-ಬಿಳಿಯವು. ಮನೆಮನೆಗೂ ಹೋಗಿ ಬೇಡಿ ತಂದಳು. ಕೆಲವನ್ನು ಕೊಡುವಾಗ ವಿಧವೆಯರು ಅತ್ತರಂತೆ. ಅದರಲ್ಲಿ ನನ್ನಪ್ಪನದೂ ಒಂದು. ಆ ತಂಡದಲ್ಲಿ ಈಗಲೂ ಉಸಿರಾಡುತ್ತಿರುವವರು ಕ್ಲಾರಿ ಡನ್‌ಸ್ಟನ್ ಒಬ್ಬರೇ. ವೃದ್ಧಾಶ್ರಮದ ಗಾಲಿಕುರ್ಚಿಯಲ್ಲಿ ಕೂತಿರುವ ಅವರು, ತೀರಿಹೋದ ಹೆಂಡತಿ ದಿಂಬಿನ ಚೀಲದಲ್ಲಿ ಸುತ್ತಿಟ್ಟಿದ್ದ ಏಳನೆಯ ನಂಬರಿನ ಜರ್ಸಿಯನ್ನು ಹಾಗೇ ಕೊಟ್ಟುಕಳಿಸಿದ್ದರು. ತಂಡದ ಬಟ್ಟೆಗಳನ್ನು ಮೊದಲಿನಿಂದಲೂ ಒಗೆದು ಕೊಡುತ್ತಿದ್ದವಳು ಐಲ್ಸಾ. ಆದ್ದರಿಂದ ಆ ಅಮೂಲ್ಯ ಗಂಟು ನಮ್ಮ ಮನೆಗೇ ಬಂತು.

"ಡೆಂಟಿಸ್ಟ್ ಹತ್ರ ಹೋಗಿ ಬರ್ತೀನಿ," ಎಂದು ಐಲ್ಸಾ ಕಾರಿನ ಕೀಲಿ ಎತ್ತಿಕೊಂಡಳು. "ಜರ್ಸಿಗಳನ್ನ ಹಗ್ಗದ ಮೇಲೆ ಗಾಳಿಗೆ ಹಾಕು. ಅಷ್ಟೇ. ನೀರು ಮುಟ್ಟಿಸ್ಬೇಡ. ಗೊತ್ತಾಯ್ತಾ?"

"ನಂಗೇನು ಚಿಕ್ಕ ಮಗೂಗೆ ಹೇಳಿದ ಹಾಗೆ ಹೇಳ್ತೀಯಲ್ಲ!"

"ಚಿಕ್ಕ ಮಗು ಆದ್ರೆ ಒಂದ್ಸಲ ಹೇಳಿದ್ರೆ ಸಾಕಿತ್ತು."

ಅವಳು ಹೋದಮೇಲೆ ಗಂಟು ಬಿಚ್ಚಿದೆ. ಅಬ್ಬಾ! ನುಸಿಗುಳಿಗೆಯ ಘಾಟು ಮೂಗಿಗೆ ಗುದ್ದಿತು. ಆಗ ನನ್ನ ಮಂಡೆಯಲ್ಲಿ ಅಭಿಪ್ರಾಯವೊಂದು ಹುಟ್ಟಿತು. ಈ ವಾಸನೆ ಹೊತ್ತು ಓಡುವ ಹುಡುಗ ಉಸಿರು ತೆಗೆದುಕೊಳ್ಳುವುದಾದರೂ ಹೇಗೆ? ಉಸಿರಿಲ್ಲದವನು ಜಿಗಿದು ಚೆಂಡು ಹಿಡಿಯುವುದು ಹೇಗೆ? ಪಂದ್ಯ ಸೋಲುವುದೇ ಇಲ್ಲಿ! ಇಷ್ಟು ವರ್ಷ ಬೇಲಿಯಾಚೆ ಕೂಗಿದ್ದಾಯಿತು. ಈಗ ತಂಡದ ಭವಿಷ್ಯ ನೇರವಾಗಿ ನನ್ನ ಕೈಯಲ್ಲೇ ಇದೆ!

ಎಲ್ಲವನ್ನೂ ತುರುಕಿದೆ. ವಾಷಿಂಗ್ ಮೆಷಿನ್ ಬಾಗಿಲು ಮುಚ್ಚಲಿಲ್ಲ. ಒಳ್ಳೆಯ ಮಂಡಿಯಿಂದ ಒತ್ತಿದೆ. ಗುಂಡಿಯ ಸುತ್ತ ಏನೇನೋ ಚಿತ್ರಗಳಿದ್ದವು. ಕೊಳೆ ಹೋಗಬೇಕೆಂದರೆ ನೀರು ಕುದಿಯಬೇಕು, ಇದು ನನ್ನ ಅಭಿಪ್ರಾಯ. ಹಾಗೆಂದು ಗುಂಡಿಯನ್ನು ಅದು ತಿರುಗುವಷ್ಟೂ ತಿರುಗಿಸಿದೆ. ಅದು ಮುಗಿದ ಮೇಲೆ ಬೇಗ ಒಣಗಲೆಂದು ಬಿಸಿಗಾಳಿಯ ಡ್ರೈಯರ್‌ಗೂ ಹಾಕಿ, ಟೀ ಮಾಡಿಕೊಂಡು ಜಗಲಿಯಲ್ಲಿ ಕೂತೆ. ಜೀವನದಲ್ಲಿ ಮೊದಲ ಸಲ ತಂಡಕ್ಕಾಗಿ ಏನೋ ಮಾಡಿದ ತೃಪ್ತಿ!

ಡ್ರೈಯರ್ ಬಾಗಿಲು ತೆಗೆದಾಗ ಮೊದಲು ಅನ್ನಿಸಿದ್ದು: ಜಾಗ ಇಷ್ಟೊಂದು ಹೇಗೆ ಉಳಿಯಿತು?

ಬಿಳಿ ಎನ್ನುವುದು ಎಲ್ಲೂ ಇರಲಿಲ್ಲ. ಕೆಂಪು ಬಣ್ಣ ಬಿಟ್ಟು, ಬಿಳಿ ಅದನ್ನು ಕುಡಿದು, ಎಲ್ಲವೂ ಸ್ಟ್ರಾಬೆರಿ ಐಸ್‌ಕ್ರೀಮಿನ ಬಣ್ಣಕ್ಕೆ ತಿರುಗಿದ್ದವು. ಅದನ್ನಾದರೂ ಸಹಿಸಬಹುದಿತ್ತು. ಒಂದೊಂದು ಜರ್ಸಿಯೂ ಕಂಬಳಿಯಂತೆ ಗಟ್ಟಿಯಾಗಿ, ಅಂಗೈಯಗಲಕ್ಕೆ ಮುದುರಿ, ತೋಳು ಚಾಚಿ ನಿಂತಿತ್ತು. ಅಪ್ಪನ ಜರ್ಸಿ ಹುಡುಕಿದೆ. ಆರಡಿ ಮೇಲಿದ್ದ ಮನುಷ್ಯ. ಬದುಕಿದ್ದಷ್ಟು ದಿನ ಅವರೆದುರು ನಾನೇ ಕುಗ್ಗಿ ನಿಲ್ಲುತ್ತಿದ್ದೆ. ಈಗ ಅವರನ್ನೇ ಕುಗ್ಗಿಸಿಬಿಟ್ಟಿದ್ದೆ. ಅದನ್ನು ಹಿಡಿದುಕೊಂಡು ಅಡುಗೆಮನೆಯ ನೆಲದ ಮೇಲೆ ಕೂತೆ. ನಗು ಬರಲಿಲ್ಲ.

ಐಲ್ಸಾ ಬಂದಳು. ಹಲ್ಲಿನವನು ಕೊಟ್ಟ ಸೂಜಿಯಿಂದ ಅವಳ ಬಾಯಿ ಅರ್ಧ ಜೋಮು ಹಿಡಿದಿತ್ತು. ಜರ್ಸಿಗಳನ್ನು ನೋಡಿದಳು. ನನ್ನನ್ನು ನೋಡಿದಳು.

"ನೀಉ ಉಟ್ಟಿಸ್ಬೇಡ ಅಂದಿಲ್ವಾ!"

ಅರ್ಧ ಬಾಯಲ್ಲಿ ಬೈದದ್ದಕ್ಕೇ ಹಿತ್ತಿಲ ಕೋಳಿಗಳು ಗೂಡು ಸೇರಿದವು. ಪೂರ್ತಿ ಬಾಯಿ ನೆಟ್ಟಗಿದ್ದಿದ್ದರೆ ಇದನ್ನು ಬರೆಯಲು ನಾನು ಉಳಿಯುತ್ತಿರಲಿಲ್ಲ.

"ಎಳೆದ್ರೆ ದೊಡ್ಡದಾಗುತ್ತೆ ಕಣೇ," ಎಂದೆ. ಅವಳ ತಲೆಗೆ ಹಚ್ಚುವ ಕಂಡಿಷನರ್ ಬಾಟಲಿಯನ್ನೇ ಬಕೆಟ್ಟಿಗೆ ಸುರಿದು, ಒಂದನ್ನು ನೆನೆಸಿ, ಅವಳೊಂದು ತೋಳು ನಾನೊಂದು ತೋಳು ಹಿಡಿದು ಎಳೆದೆವು. ಸಂಸಾರದಲ್ಲಿ ನಾವಿಬ್ಬರೂ ಒಂದೇ ಕೆಲಸಕ್ಕೆ ಇಷ್ಟು ಮನಸ್ಸಿಟ್ಟದ್ದು ಅದೇ ಮೊದಲು. ಪರ್ರ್! ತೋಳು ನನ್ನ ಕೈಗೆ ಬಂತು. ನಾನು ಹಿಂದಕ್ಕೆ ಬಿದ್ದೆ, ಆಪರೇಷನ್ ಆಗಬೇಕಾಗಿದ್ದ ಮಂಡಿಯ ಮೇಲೆ.

ಅಷ್ಟು ಹೊತ್ತಿಗೆ ಗ್ಲೆನಿಸ್ ಬಾಗಿಲಲ್ಲಿ ನಿಂತಿದ್ದಳು. ಒಂದು ಜರ್ಸಿ ಎತ್ತಿ ತಿರುಗಿಸಿ ನೋಡಿದಳು.

"ಇದು ಗಂಡಸ್ರ ಜರ್ಸಿನಾ ನೆವ್, ಟೀ ಪಾಟ್ ಮುಚ್ಚೋ ಕುಲಾವಿನಾ?"

"ದಿನಾ ಹಾಕ್ಕೊಳ್ಳೋ ಜರ್ಸಿಗಳಿವೆಯಲ್ಲ..." ಎಂದು ತೊದಲಿದೆ.

"ಎಲ್ಲಿವೆ? ಹೋದ ವಾರ ತಾನೆ ನೆನಪಿಗಿರ್ಲಿ ಅಂತ ಹಂಚಿಬಿಟ್ವಿ. ಹಂಚೋಣ ಅಂತ ಸಭೇಲಿ ಎದ್ದು ನಿಂತು ಅಭಿಪ್ರಾಯ ಕೊಟ್ಟೋನು ನೀನೇ. ಅರ್ಧ ಆಗ್ಲೇ ಊರು ಬಿಟ್ಟೋರ ಜೊತೆ ಪರ್ತ್ ನಗರ ಸೇರಿವೆ." ಅವಳು ಕುರ್ಚಿಯಲ್ಲಿ ಕುಸಿದಳು. "ಶನಿವಾರದೊಳಗೆ ಇಡೀ ತಂಡಕ್ಕೆ ಒಂದೇ ಥರದ ಜರ್ಸಿ ಇರೋದು ಒಂದೇ ಕಡೆ. ಫೋನ್ ಮಾಡು."

"ಯಾರಿಗೆ?"

ಇಬ್ಬರೂ ನನ್ನನ್ನೇ ನೋಡಿದರು. ಅರ್ಥವಾಯಿತು. ಕೂರೂಕ್ ಕ್ಲಬ್ಬಿನ ಅಧ್ಯಕ್ಷ ಕೆವಿನ್ ಟ್ರೆಗೇರ್! ಅವನು ಆಡುತ್ತಿದ್ದ ಕಾಲದಿಂದ ಅವನ ನಡಿಗೆ, ಒದೆತ, ಕ್ಷೌರ ಎಲ್ಲದರ ಬಗ್ಗೆಯೂ ಟ್ರಕ್ಕಿನಿಂದ ಅಭಿಪ್ರಾಯ ಕೂಗಿದವನು ನಾನು. ಆ ಮನುಷ್ಯನಿಗೆ ಫೋನಿನಲ್ಲಿ ನಡೆದದ್ದನ್ನೆಲ್ಲ ಹೇಳಿದೆ. ನಗುತ್ತಾನೆಂದುಕೊಂಡೆ. ನಗಲಿಲ್ಲ. ಅದರಿಂದ ಇನ್ನೂ ನೋವಾಯಿತು.

"ನಮ್ಮ ಪಟ್ಟೆ ಜರ್ಸಿ ನೀವು ಹಾಕ್ಕೊಳ್ಳಿ ನೆವ್. ನಾವು ಹೊರಗೂರಿಗೆ ಹೋದಾಗ ಹಾಕೋ ಬಿಳೀದ್ರಲ್ಲಿ ಆಡ್ತೀವಿ," ಎಂದ. ಆಮೇಲೆ ಬಹಳ ಮೆತ್ತಗೆ ಸೇರಿಸಿದ: "ಹೇಗಿದ್ರೂ ಮುಂದಿನ ವರ್ಷ ನಿಮ್ಮ ಹುಡುಗ್ರು ಹಾಕ್ಕೊಳ್ಳೋದು ಅದನ್ನೇ ತಾನೆ. ಅಳತೆ ನೋಡಿದ ಹಾಗೂ ಆಯ್ತು."

ಹೀಗೆ ವಿರ್ರಬೀನ್ ತಂಡ ತನ್ನ ಇತಿಹಾಸದ ಕೊನೆಯ ಪಂದ್ಯವನ್ನು ಆಡಲು ಶತ್ರುವಿನ ಬಟ್ಟೆ ತೊಟ್ಟು ಮೈದಾನಕ್ಕಿಳಿಯಿತು! ಮೋಡ ಕವಿದು, ಬಯಲಿನಿಂದ ಚಳಿಗಾಳಿ ಬೀಸುತ್ತಿತ್ತು. ಮೈದಾನದ ಸುತ್ತ ಎಂದೂ ಇಲ್ಲದಷ್ಟು ಕಾರುಗಳು. ನಮ್ಮವರು ಬಂದಾಗ, ಚಪ್ಪಾಳೆಯ ಬದಲು ಒತ್ತುವ ಕಾರಿನ ಹಾರ್ನನ್ನು ನಮ್ಮೂರಿನವರು ಯಾರೂ ಒತ್ತಲಿಲ್ಲ. ಟಪಾಲಿನವನ ಅಮ್ಮ ಕರವಸ್ತ್ರ ತೆಗೆದರು. ಎಲ್ಲ ಕಾರುಗಳ ಗಾಜುಗಳೂ ಒಂದಾದಮೇಲೊಂದು ನನ್ನ ಟ್ರಕ್ಕಿನತ್ತ ತಿರುಗಿದಂತೆ ನನಗೆ ಕಂಡಿತು.

ಆಟ ಶುರುವಾದಮೇಲೆ ನಡೆದದ್ದೇ ಬೇರೆ. ಕೂರೂಕ್ ಹುಡುಗರು ಜೀವಮಾನವೆಲ್ಲ ಹಳದಿ-ಕಪ್ಪು ಪಟ್ಟೆ ಕಂಡ ಕಡೆ ಚೆಂಡು ಕೊಟ್ಟವರು. ಅಭ್ಯಾಸ ಎಲ್ಲಿ ಹೋಗುತ್ತದೆ? ಒಬ್ಬ ಓಡಿ ಬಂದು, ತಲೆ ಎತ್ತಿ, ಪಟ್ಟೆ ಕಂಡದ್ದೇ ತಡ, ಚೆಂಡನ್ನು ಅಂದವಾಗಿ ನಮ್ಮ ಟಪಾಲಿನವನ ಎದೆಗೇ ಒದ್ದ! ಟಪಾಲಿನವನು ತಲುಪಿದ್ದನ್ನು ಸ್ವೀಕರಿಸಿ ಎರಡು ಎತ್ತರದ ಕಂಬಗಳ ನಡುವೆ ರವಾನಿಸಿದ. ಗೋಲು! ಒಂದು ಗೋಲಿಗೆ ಆರು ಅಂಕ! ಕೂರೂಕ್ ಅಜ್ಜಿಯರು ಪಟ್ಟೆ ಗೋಲು ಹೊಡೆಯಿತೆಂದು ಹಾರ್ನ್ ಒತ್ತಿದ್ದೇ ಒತ್ತಿದ್ದು. ನಾನು? ನಾನೂ ಅಭ್ಯಾಸಬಲದಿಂದ ಕಿಟಕಿಯಲ್ಲಿ ತಲೆ ಹಾಕಿ, "ಥೂ! ಹುಳ ಮುಂಡೇದೇ, ಹಾರ್ಕೊಂಡು ಹೋಗು ನಿಮ್ಮೂರಿಗೆ!" ಎಂದು ನಮ್ಮ ಟಪಾಲಿನವನನ್ನೇ ಕೂಗಿಬಿಟ್ಟೆ.

ಪಕ್ಕದಲ್ಲಿದ್ದ ಐಲ್ಸಾ ಗಾಜು ಏರಿಸಿದಳು. "ಇವತ್ತಿಗೆ ನಿನ್ನ ಬಾಯಿ ಮುಚ್ಚಿರ್ಲಿ ನೆವ್."

ಮುಚ್ಚಿತ್ತು. ಅರ್ಧ ಆಟ ಮುಗಿಯುವಾಗ ನಾವು ಮುಂದಿದ್ದೆವು! ಆಮೇಲೆ ಹುಳುಗಳಿಗೆ ಬುದ್ಧಿ ಬಂತು, ಅಂತರ ಕರಗಿತು. ಆದರೂ ನಮ್ಮವರು ಬಿಡಲಿಲ್ಲ. ಕೆಸರಿನಲ್ಲಿ ಬಿದ್ದೆದ್ದು ಆಡಿದರು. ಎಡಗಾಲಲ್ಲಿ ಒದೆಯಲು ಬಾರದವನು ಎಡಗಾಲಲ್ಲೇ ಒದ್ದ. ಬೇಲಿಯಾಚೆಯಿಂದ ಒಂದು ಅಭಿಪ್ರಾಯವೂ ಇಲ್ಲದೆ ಅವರು ನನ್ನ ಆಯುಷ್ಯದಲ್ಲೇ ಅತಿ ಚೆನ್ನಾಗಿ ಆಡಿದ ಪಂದ್ಯ ಅದು. ಇದರಿಂದ ಏನು ಸಾಬೀತಾಗುತ್ತದೆ ಎಂದು ಯೋಚಿಸಲು ನನಗೆ ಧೈರ್ಯ ಬರಲಿಲ್ಲ.

ಕೊನೆಯ ಸೈರನ್ ಕೂಗಿದಾಗ ಚೆಂಡು ನಮ್ಮ ನಾಯಕನ ಕೈಯಲ್ಲಿತ್ತು. ಸೈರನ್ನಿಗೆ ಮೊದಲೇ ಹಿಡಿದ ಚೆಂಡಾದ್ದರಿಂದ ಒಂದು ಒದೆತಕ್ಕೆ ಅವಕಾಶವಿತ್ತು, ಗೋಲು ಹೊಡೆದರೆ ಗೆಲುವು. ಅವನು ಒದ್ದ. ಚೆಂಡು ಗಾಳಿಯಲ್ಲಿ ತೇಲಿ, ಬಾಗಿ, ಬಲಗಡೆಯ ಕಂಬಕ್ಕೆ ಠಪ್ಪೆಂದು ಬಡಿಯಿತು. ಕಂಬಕ್ಕೆ ತಾಗಿದರೆ ಒಂದೇ ಅಂಕ. ಮೂರು ಅಂಕಗಳಿಂದ ಸೋತೆವು.

ಹುಡುಗರು ಎರವಲು ಜರ್ಸಿಗಳನ್ನು ಅಲ್ಲೇ ಕಳಚಿ, ಮಡಿಸಿ, ಬರಿಮೈಯಲ್ಲಿ ಚಳಿಗೆ ನಡುಗುತ್ತ ನಡೆದುಬಂದರು. ಆಗ ಹಾರ್ನ್‌ಗಳು ಶುರುವಾದವು. ನಮ್ಮವು, ಅವರವು, ಎಲ್ಲವೂ. ಎಷ್ಟೋ ಹೊತ್ತು ನಿಲ್ಲಲಿಲ್ಲ. ನಾನು ಒತ್ತಲಿಲ್ಲ. ಒತ್ತಲು ನನಗೇನು ಹಕ್ಕಿತ್ತು?

ಆಮೇಲೆ ಕ್ಲಬ್ಬಿನ ಕೋಣೆಯಲ್ಲಿ ಕೊನೆಯ ಚಹಾ. ನಾನು ಬಾಗಿಲ ಸಂದಿಯಲ್ಲಿ, ಕೋಟುಗಳ ನಡುವೆ ಒಂದು ಕೋಟಾಗಿ ನಿಂತಿದ್ದೆ. ವೃದ್ಧಾಶ್ರಮದಿಂದ ಕರೆತಂದಿದ್ದ ಕ್ಲಾರಿ ಡನ್‌ಸ್ಟನ್ ಗಾಲಿಕುರ್ಚಿಯಲ್ಲಿ ಕೂತು, ಮಂದಗಣ್ಣಿನಲ್ಲಿ ಸುತ್ತ ನೋಡಿ ಕೇಳಿದರು: "ನಮ್ಮ ಹುಡುಗ್ರು ಚೆನ್ನಾಗಾಡಿದ್ರು. ನನ್ನ ಜರ್ಸಿ ಯಾರು ಹಾಕ್ಕೊಂಡಿದ್ರು? ಕೊಡ್ರಪ್ಪಾ, ಮನೆಗೆ ತಗೊಂಡ್ಹೋಗ್ತೀನಿ."

ಜರ್ಸಿಗಳ ಗತಿಯನ್ನು ಯಾರೂ ಅವರಿಗೆ ಹೇಳಿರಲಿಲ್ಲ. ಐಲ್ಸಾ ಚೀಲದಿಂದ ಆ ಗುಲಾಬಿ ಮುದ್ದೆಯನ್ನು ತೆಗೆದು ಅವರ ತೊಡೆಯ ಮೇಲೆ ಹರವಿದಳು. ಮಗುವಿಗೂ ಬಿಗಿಯಾಗುವಷ್ಟು ಚಿಕ್ಕದಾಗಿತ್ತು. ಕ್ಲಾರಿ ಬೆರಳಿನಿಂದ ಏಳನೆಯ ನಂಬರನ್ನು ಸವರಿದರು. ಮತ್ತೆ ಸವರಿದರು. ತಮ್ಮ ಎದೆಗೆ ಹಿಡಿದು ಅಳತೆ ನೋಡಿದರು.

"ಐಲ್ಸಾ, ನಾನು ಇಷ್ಟು ಚಿಕ್ಕೋನಾಗಿದ್ನಾ?"

ಐಲ್ಸಾ ಅವರ ಕುರ್ಚಿಯ ಪಕ್ಕ ಮೊಣಕಾಲೂರಿದಳು.

"ಇಲ್ಲ ಕ್ಲಾರಿ. ನೀವು ದೊಡ್ಡೋರೇ ಆಗಿದ್ರಿ. ಚಿಕ್ಕೋನು ಇಲ್ಲಿದ್ದಾನೆ ನೋಡಿ," ಎಂದು ನನ್ನತ್ತ ಬೆರಳು ತೋರಿಸಿದಳು.

ಮುದುಕ ಕತ್ತು ತಿರುಗಿಸಿ, ಕೋಟುಗಳ ನಡುವೆ ಮುದುಡಿ ನಿಂತ ನನ್ನನ್ನು ಅಡಿಯಿಂದ ಮುಡಿಯವರೆಗೆ ನಿಧಾನವಾಗಿ ನೋಡಿದರು. ಮುಖದಲ್ಲಿ ನಿಜವಾದ ಮರುಕ.

"ಅಯ್ಯೋ ಪಾಪ. ಇವ್ನನ್ನ ಯಾರಮ್ಮಾ ಒಗೆದಿದ್ದು?"

"ನಾನೇ," ಎಂದಳು ಐಲ್ಸಾ.