ಅಂದಾನೆಪ್ಪ ಸೋಲಲು ಹೋದದ್ದು

ಅಂದಾನೆಪ್ಪನ ತಲೆಗೆ ಒಂದು ಕೆಟ್ಟ ಚಾಳಿಯಿತ್ತು. ಯಾರು ಏನು ಕೇಳಿದರೂ ಅದು ಮೊದಲು 'ಹೌದು' ಎಂದು ಅಲ್ಲಾಡಿಬಿಡುತ್ತಿತ್ತು. ಕೇಳಿದ್ದು ಏನೆಂಬುದು ಅವನಿಗೆ ಆಮೇಲೆ ತಿಳಿಯುತ್ತಿತ್ತು. ಆ ಶನಿವಾರ ಬೆಳಗ್ಗೆ ಬೈಲಹೊಂಗಲದ ಬೀಜ-ಗೊಬ್ಬರದ ಸೊಸಾಯಿಟಿಯಲ್ಲಿ ಹೊಸ ಮ್ಯಾನೇಜರ್ ಮಲಕಾಜಪ್ಪನವರು ಅವನ ಟೇಬಲ್ಲಿನ ಮುಂದೆ ಬಂದು ನಿಂತು, ಚೆಸ್ ಆಡಲು ಬರುತ್ತದೆಯೇ ಎಂದು ಕೇಳಿದರು. ತಲೆ ಅಲ್ಲಾಡಿತು.

"ಹಂಗಾರ ಸಂಜಿಕ ಮನಿಗೆ ಬರ್ರಿ. ಒಂದ ಕೈ ನೋಡೂಣು," ಎಂದು ಹೇಳಿ ಅವರು ತಮ್ಮ ಕೋಣೆಗೆ ಹೋದರು.

ಆಫೀಸಿನಲ್ಲಿ ಎಲ್ಲರೂ ಅಂದಾನೆಪ್ಪನನ್ನು ಆಪರೇಶನ್ನಿಗೆ ಒಯ್ಯುವ ಪೇಶಂಟನ್ನು ನೋಡುವ ಹಾಗೆ ನೋಡಿದರು. ಮಲಕಾಜಪ್ಪನವರು ಈ ಊರಿಗೆ ಬಂದ ಹೊಸದರಲ್ಲಿ ಹೀಗೇ ಬೀರಪ್ಪ ಎಂಬ ಗುಮಾಸ್ತನನ್ನು ಆಟಕ್ಕೆ ಕರೆದಿದ್ದರು. ಸಾಹೇಬರನ್ನು ಖುಷಿಪಡಿಸಲೆಂದು ಬೀರಪ್ಪ ತನ್ನ ವಜೀರನನ್ನು ತಟ್ಟೆಯಲ್ಲಿಟ್ಟು ಕೊಟ್ಟಂತೆ ಕೊಟ್ಟುಬಿಟ್ಟ. ಸಾಹೇಬರಿಗೆ ಸಿಟ್ಟು ಬಂತು. ಬೇಕಂತಲೇ ಸೋಲುವವನು ಎದುರಿನವನನ್ನು ಹುಚ್ಚನೆಂದು ತಿಳಿದಿರುತ್ತಾನೆ ಎಂದು ಹೇಳಿ ಕಾಯಿಗಳನ್ನೆಲ್ಲ ಕೈಯಿಂದ ಸರಿಸಿ ಎದ್ದರು. ಬೀರಪ್ಪ ಈಗ ಸವದತ್ತಿಯ ಗೋದಾಮಿನಲ್ಲಿ ಯೂರಿಯಾ ಚೀಲಗಳ ನಡುವೆ ಸೀನುತ್ತ ಕೂತಿದ್ದಾನೆ.

ಅಂದಾನೆಪ್ಪನಿಗೆ ಈ ಸಮಯದಲ್ಲಿ ಸಾಹೇಬರ ಪ್ರೀತಿ ತೀರ ಬೇಕಾಗಿತ್ತು. ಅವನ ಹೆಂಡತಿ ಅನ್ನಪೂರ್ಣಾ ರಾಮದುರ್ಗದಲ್ಲಿ ಹೈಸ್ಕೂಲು ಮಾಸ್ತರಿಣಿ. ಮದುವೆಯಾದಾಗಿನಿಂದ ಅವನ ಸಂಸಾರವೆಲ್ಲ ಶನಿವಾರ ಸಂಜೆಯ ಬಸ್ಸಿನಲ್ಲಿ ಶುರುವಾಗಿ ಸೋಮವಾರ ಮುಂಜಾನೆಯ ಬಸ್ಸಿನಲ್ಲಿ ಮುಗಿಯುತ್ತಿತ್ತು. ಈಗ ಸೊಸಾಯಿಟಿಯ ರಾಮದುರ್ಗ ಶಾಖೆಯಲ್ಲಿ ಒಂದು ಜಾಗ ಖಾಲಿಯಾಗಿ, ಅವನು ಅದಕ್ಕೆ ಅರ್ಜಿ ಹಾಕಿದ್ದ. ಅಲ್ಲಿಗೆ ಯಾರು ಹೋಗಬೇಕೆಂಬುದನ್ನು ಸಾಹೇಬರು ಸೋಮವಾರ ಹೇಳುವವರಿದ್ದರು.

ಅವನು ಹಿತ್ತಲ ಬಾಗಿಲಿಗೆ ಹೋಗಿ ಅನ್ನಪೂರ್ಣಾಳಿಗೆ ಫೋನು ಮಾಡಿದ. ಈ ಶನಿವಾರ ಬರಲಾಗುವುದಿಲ್ಲ, ಕಾರಣ ಹೀಗಿದೆ ಎಂದ. ಅವಳು ಎಲ್ಲ ಕೇಳಿ, "ಏನರ ಮಾಡ್ರಿ, ಗೆದ್ದ ಮಾತ್ರ ಬರಬ್ಯಾಡ್ರಿ," ಎಂದಳು.

ಗೆದ್ದರೆ ಸಾಹೇಬರಿಗೆ ಸಿಟ್ಟು, ಬೇಕಂತಲೇ ಸೋತರೆ ಯೂರಿಯಾ. ಉಳಿದದ್ದು ಒಂದೇ ದಾರಿ, ಪ್ರಾಮಾಣಿಕವಾಗಿ ಸೋಲುವುದು. ಆದರೆ ಅಂದಾನೆಪ್ಪನ ಆಟ ಅವನು ಮಾಡುವ ಉಪ್ಪಿಟ್ಟಿನ ಹಾಗೆ. ಒಂದು ದಿನ ಹದವಾಗಿ ಕೂಡುತ್ತಿತ್ತು, ಇನ್ನೊಂದು ದಿನ ಗಂಟುಗಂಟಾಗುತ್ತಿತ್ತು. ಇವತ್ತು ಯಾವ ದಿನವೆಂದು ಅವನಿಗೇ ಗೊತ್ತಿರಲಿಲ್ಲ.

ಆಗ ಅಕೌಂಟಂಟ್ ಬಸವಣ್ಣೆಪ್ಪ ಕುರ್ಚಿ ಎಳೆದುಕೊಂಡು ಹತ್ತಿರ ಬಂದ. ಬಸವಣ್ಣೆಪ್ಪನಿಗೆ ಚೆಸ್ಸಿನಲ್ಲಿ ಯಾವ ಕಾಯಿ ಯಾವ ಕಡೆ ಹೋಗುತ್ತದೆಂಬುದು ತಿಳಿಯದು. ಆದರೆ ಅವನಿಗೆ ತಿಳಿಯದ ವಿಷಯದಲ್ಲಿ ಅವನು ಕೊಡುವಷ್ಟು ಸಲಹೆಯನ್ನು ತಿಳಿದವರೂ ಕೊಡಲಾರರು. ಮೊಬೈಲಿನಲ್ಲಿ ಎಲ್ಲಿಂದಲೋ ಅವನು 'ಎಂಗ್ಲುಂಡ್ ಗ್ಯಾಂಬಿಟ್' ಎಂಬ ಒಂದು ಆಟವನ್ನು ಹುಡುಕಿ ತೆಗೆದ. ಅದನ್ನು 'ಇಂಗ್ಲೆಂಡ್ ಗ್ಯಾಂಬಿಟ್' ಎಂದು ಓದಿದ. ಶುರುವಿನಲ್ಲೇ ಒಂದು ಪ್ಯಾದೆಯನ್ನು ಪುಕ್ಕಟೆ ಬಿಟ್ಟುಕೊಟ್ಟು ವಜೀರನನ್ನು ಎದುರಿನವನ ಮನೆಯೊಳಗೆ ನುಗ್ಗಿಸುವ ಪುಂಡಾಟ ಅದು.

"ಇದರಾಗ ಬರದೈತಿ ನೋಡು," ಎಂದ ಬಸವಣ್ಣೆಪ್ಪ. "ಸಣ್ಣ ಆಟಗಾರ್ರು ಇದಕ್ಕ ಸಾಲಹಿಡದ ಬೀಳ್ತಾರ. ದೊಡ್ಡ ಆಟಗಾರ್ರು ಇದನ್ನ ಮುರದ ಒಗೀತಾರ. ಸಾಹೇಬ್ರು ದೊಡ್ಡವ್ರು. ಅವ್ರ ಸಾಮಾನ ಇಳಸೂ ದಿನ ನಾ ಮನಿಗೆ ಹೋಗಿದ್ನಿ. ಗಾಜಿನ ಕಪಾಟ ತುಂಬ ಬರೇ ಕಪ್ಪು, ಬರೇ ಶೀಲ್ಡು. ನೀ ಮನಸ ಹಚ್ಚಿ ಇದನ್ನ ಆಡು. ಅವ್ರು ಮುರೀತಾರ. ನೀ ಸುಳ್ಳು ಹೇಳಲಾರದಂಗೂ ಆತು, ಸೋತಂಗೂ ಆತು."

ಅಂದಾನೆಪ್ಪನಿಗೆ ಇದು ಸರಿಯೆನಿಸಿತು. ಮಧ್ಯಾಹ್ನದವರೆಗೆ ಅವನು ಗೊಬ್ಬರದ ಲೆಕ್ಕ ಬಿಟ್ಟು ಆ ಆಟವನ್ನೇ ಕಲಿತ. ಎಲ್ಲ ನಿಂತಿದ್ದು ಒಂದೇ ನಡೆಯ ಮೇಲೆ. ಕಪ್ಪು ವಜೀರ ಬಿಳಿಯವನ ಮೂಲೆಯ ಪಕ್ಕದ ಪ್ಯಾದೆಯೊಂದನ್ನು ತಿಂದು ಅಲ್ಲೇ ಕೂರುತ್ತಾನೆ. ಆಗ ಬಿಳಿಯವನು ಕುದುರೆಯನ್ನು ಹೊರಗೆ ತಂದರೆ ವಜೀರ ಪೇಚಿಗೆ ಸಿಕ್ಕು ಕಪ್ಪಿನ ಕತೆ ಮುಗಿಯುತ್ತದೆ. ವಜೀರನನ್ನು ಹೆದರಿಸಿ ಓಡಿಸುತ್ತೇನೆಂದು ಒಂಟೆಯನ್ನು ಅಡ್ಡ ಇಟ್ಟರೆ ಬಿಳಿಯ ರಾಜನೇ ಸಾಯುತ್ತಾನೆ. ನೋಡುವವರ ಕಣ್ಣಿಗೆ ಒಂಟೆಯೇ ಚೆಂದ, ಅದರಲ್ಲೇ ಮೋಸ.

ಊಟದ ಹೊತ್ತಿಗೆ ಗೋದಾಮು ನೋಡಿಕೊಳ್ಳುವ ಮಾಂತೇಶನನ್ನು ಹಿಡಿದು ಕೂಡಿಸಿದರು. ಅವನು ವರ್ಷಕ್ಕೊಮ್ಮೆ ಆಡುವವನು. ವಜೀರ ತನ್ನ ಮನೆಗೆ ನುಗ್ಗಿದ್ದು ಕಂಡು ಅವನಿಗೆ ಬಹಳ ಸಂತೋಷವಾಯಿತು. ಧಪ್ಪೆಂದು ಒಂಟೆ ಇಟ್ಟ. ಕೈಯಲ್ಲಿನ ರೊಟ್ಟಿ ಮುಗಿಯುವಷ್ಟರಲ್ಲಿ ಅವನ ರಾಜ ಸತ್ತಿದ್ದ. ಸಣ್ಣವರು ಬೀಳುತ್ತಾರೆಂಬುದು ಖಾತ್ರಿಯಾಯಿತು.

ಇನ್ನು ದೊಡ್ಡವರು. ಆಫೀಸು ಬಿಟ್ಟ ಮೇಲೆ ಇಬ್ಬರೂ ಅಂದಾನೆಪ್ಪನ ಬಾಜೂಮನೆಯ ಅಮೋಘಸಿದ್ದಪ್ಪನವರ ಕಟ್ಟೆಗೆ ಹೋದರು. ಅವರು ಪೆನ್ಶನ್ ತೆಗೆದುಕೊಂಡ ಹೆಡ್ಮಾಸ್ತರರು, ಮೂಲತಃ ಕಿತ್ತೂರಿನವರು, ಒಂದು ಕಾಲಕ್ಕೆ ಜಿಲ್ಲೆಯಲ್ಲೆಲ್ಲ ಚೆಸ್ ಆಡಿ ಬಂದವರು. ಪೇಪರಿನಿಂದ ಅರ್ಧ ಕಣ್ಣು ತೆಗೆದು ಆಡಿದರು. ವಜೀರ ಪ್ಯಾದೆ ತಿಂದ ಕೂಡಲೇ ಕುದುರೆ ಹೊರಗೆ ಬಂತು. ಅಲ್ಲಿಂದ ಮುಂದೆ ಅಂದಾನೆಪ್ಪನ ವಜೀರ ಸಂತೆಯಲ್ಲಿ ತಪ್ಪಿಸಿಕೊಂಡ ಕರುವಿನಂತೆ ಅಲ್ಲಿ ಇಲ್ಲಿ ಓಡಾಡಿ ಕಡೆಗೆ ಸಿಕ್ಕಿಬಿದ್ದ.

ಆಟದ ಹೆಸರು ಕೇಳಿದ ಅಮೋಘಸಿದ್ದಪ್ಪನವರು ಕನ್ನಡಕದ ಮೇಲಿಂದ ನೋಡಿದರು. "ಕಿತ್ತೂರಿನವನ ಮುಂದ ಇಂಗ್ಲೆಂಡಿನ ಆಟ ಹಚ್ಚೀರೇನ್ರಿ ಅಂದಾನೆಪ್ಪ?" ಎಂದು ಕೇಳಿ ಮತ್ತೆ ಪೇಪರು ಹಿಡಿದರು.

ಸೋತದ್ದಕ್ಕೆ ಅಷ್ಟು ಸಂತೋಷಪಟ್ಟ ಮನುಷ್ಯನನ್ನು ಆ ಕಟ್ಟೆ ಕಂಡಿರಲಿಲ್ಲ. ಅಂದಾನೆಪ್ಪ ಮನೆಗೆ ಹೋಗಿ ಮುಖ ತೊಳೆದು, ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡು ಸಾಹೇಬರ ಮನೆಗೆ ಹೊರಟ. ಜೊತೆಗೆ ಬರಬೇಡವೆಂದರೂ ಬಸವಣ್ಣೆಪ್ಪ ಬಂದ.

ಮಲಕಾಜಪ್ಪನವರು ಬಾಗಿಲಲ್ಲೇ ಕಾಯುತ್ತಿದ್ದರು. ಗಾಜಿನ ಕಪಾಟು ಬಸವಣ್ಣೆಪ್ಪ ಹೇಳಿದ್ದಕ್ಕಿಂತ ದೊಡ್ಡದಿತ್ತು. ಕಪ್ಪುಗಳು ಸಂಜೆಯ ಬಿಸಿಲಿಗೆ ಪಳಪಳ ಹೊಳೆಯುತ್ತಿದ್ದವು. ಅಂದಾನೆಪ್ಪ ಅವಕ್ಕೆ ಮನಸ್ಸಿನಲ್ಲೇ ಕೈಮುಗಿದ. ಸಾಹೇಬರ ಹೆಂಡತಿ ಸುಂದರವ್ವನವರು ಚುರುಮುರಿ ಚಹಾ ತಂದಿಟ್ಟರು. ಚೆಸ್ಸಿನಲ್ಲಿ ನಡುವಿನ ಮನೆಗಳ ಮಹತ್ವವೇನು, ತಾಳ್ಮೆಯ ಮಹತ್ವವೇನು ಎಂದು ಸಾಹೇಬರು ಚಹಾ ಆರುವವರೆಗೆ ಹೇಳಿದರು. ಕೇಳುತ್ತ ಕೇಳುತ್ತ ಅಂದಾನೆಪ್ಪನ ಮನಸ್ಸು ಹಗುರಾಯಿತು. ಇವರು ಖಂಡಿತ ದೊಡ್ಡವರು.

ಬಿಳಿ ಕಾಯಿ ಸಾಹೇಬರಿಗೆ. ಅಂದಾನೆಪ್ಪ ಪ್ಯಾದೆ ಬಿಟ್ಟುಕೊಟ್ಟ, ಸಾಹೇಬರು ತಿಂದರು. ವಜೀರ ಹೊರಬಂದ, ಶಹ ಕೊಟ್ಟ, ಸಾಹೇಬರ ಮೂಲೆಯ ಪಕ್ಕದ ಪ್ಯಾದೆಯನ್ನು ತಿಂದು ಕೂತ. ಈಗ ಆ ನಡೆ ಬಂತು.

ಸಾಹೇಬರ ಕೈ ಮೇಲೆದ್ದು ಹಲಗೆಯ ಮೇಲೆ ಗಿರಕಿ ಹೊಡೆಯತೊಡಗಿತು. ಅಂದಾನೆಪ್ಪ ಕುದುರೆಯನ್ನೇ ನೋಡುತ್ತಿದ್ದ. ಕೈ ಕುದುರೆಯ ಮೇಲೆ ಬಂತು, ಅಲ್ಲೇ ನಿಂತಿತು. ಇನ್ನೊಂದು ಕ್ಷಣ ಬಿಟ್ಟಿದ್ದರೆ ಅದು ಕೆಳಗಿಳಿಯುತ್ತಿತ್ತೇನೋ. ಅಷ್ಟರಲ್ಲಿ ಬಾಯಿತುಂಬ ಚುರುಮುರಿ ಇಟ್ಟುಕೊಂಡ ಬಸವಣ್ಣೆಪ್ಪ ಅಂದ, "ಸಾಹೇಬ್ರ, ಕುದುರಿ ಭಾಳ ಚಂದ ಕಾಣತೈತ್ರಿ."

ಸಾಹೇಬರು ಕೈ ಹಿಂದೆ ತೆಗೆದುಕೊಂಡರು. ಬಸವಣ್ಣೆಪ್ಪನನ್ನು ಒಮ್ಮೆ ನೋಡಿದರು, ಅಂದಾನೆಪ್ಪನನ್ನು ಒಮ್ಮೆ ನೋಡಿದರು. ಗೆಳೆಯನನ್ನು ಗೆಲ್ಲಿಸಲು ಇವನು ತಪ್ಪು ದಾರಿ ತೋರಿಸುತ್ತಿದ್ದಾನೆ ಎಂಬುದು ಅವರ ಮುಖದ ಮೇಲೆ ಅಚ್ಚೊತ್ತಿದಂತೆ ಕಾಣಿಸಿತು. "ನನಗ ಕಲಸಬ್ಯಾಡ್ರಿ," ಎಂದು ಹೇಳಿ ಒಂಟೆಯನ್ನು ಎತ್ತಿ ವಜೀರನ ಎದುರಿಗೆ ಇಟ್ಟರು.

ಅಂದಾನೆಪ್ಪನಿಗೆ ರಾಮದುರ್ಗದ ಬಸ್ಸು ಕಣ್ಣ ಮುಂದೆಯೇ ಹೊರಟುಹೋದಂತಾಯಿತು. ಸುಳ್ಳು ನಡೆ ಆಡಿದರೆ ಸವದತ್ತಿಯ ಬಸ್ಸು ಕಾದಿತ್ತು. ಸಾಹೇಬರು ಅವನ ಬೆರಳನ್ನೇ ನೋಡುತ್ತಿದ್ದರು. ಅವನು ಆಡಬೇಕಾದ್ದನ್ನು ಆಡಿದ, ಮತ್ತೆ ಆಡಿದ, ಕಡೆಗೆ ವಜೀರನನ್ನು ಹಿಂದಿನ ಸಾಲಿಗೆ ಇಳಿಸಿ, ಸತ್ತವರ ಮನೆಯಲ್ಲಿ ಮಾತಾಡುವ ದನಿಯಲ್ಲಿ ಶಹ ಎಂದ. ಸಾಹೇಬರು ತಮ್ಮ ರಾಜನಿಗೆ ಜಾಗ ಹುಡುಕಿದರು. ಹಲಗೆಯ ಮೇಲೆ ಎಲ್ಲೂ ಇರಲಿಲ್ಲ.

ಬಸವಣ್ಣೆಪ್ಪ ಎಲ್ಲಿ ನೋಡಬೇಕೆಂದು ತಿಳಿಯದೆ ಕಪಾಟಿನ ಕಪ್ಪುಗಳನ್ನು ನೋಡತೊಡಗಿದ. ಅವನಿಗೆ ಅವು ಮೆಚ್ಚಿಗೆಯಾಗಿವೆ ಎಂದುಕೊಂಡ ಸುಂದರವ್ವನವರು ಹಿಗ್ಗಿನಿಂದ ಹತ್ತಿರ ಬಂದು ವಿವರಿಸಿದರು. ಮೇಲಿನ ಸಾಲಿನವು ರಂಗೋಲಿಗೆ ಬಂದವು, ನಡುವಿನವು ಅಡುಗೆಗೆ, ಈ ದೊಡ್ಡ ಶೀಲ್ಡು ಮಹಿಳಾ ಮಂಡಳದ ಮ್ಯೂಜಿಕಲ್ ಚೇರಿಗೆ. "ಎಲ್ಲಾ ನನವ ಅದಾವ್ರಿ. ಇವ್ರದ ಒಂದೂ ಇಲ್ಲ," ಎಂದರು.

ಅಂದಾನೆಪ್ಪ ಬಸವಣ್ಣೆಪ್ಪನ ಕಡೆ ನೋಡಿದ. ಬಸವಣ್ಣೆಪ್ಪ ಚುರುಮುರಿಯ ತಟ್ಟೆಯ ಕಡೆ ನೋಡಿದ.

ಸಾಹೇಬರು ಕಾಯಿಗಳನ್ನು ಮತ್ತೆ ಜೋಡಿಸಿ, ಇನ್ನೊಂದು ಆಟ, ಇದೇ ಆಟವೇ ಆಗಬೇಕು ಎಂದರು. ಮತ್ತೆ ಪ್ಯಾದೆ ಹೋಯಿತು, ಮತ್ತೆ ವಜೀರ ಮೂಲೆಗೆ ಬಂದು ಕೂತ. ಈ ಸಲ ಸಾಹೇಬರು ಬಹಳ ಯೋಚಿಸಿ ತಾವಾಗಿಯೇ ಕುದುರೆಗೆ ಕೈ ಹಾಕಿದರು. ಎತ್ತಿಯೂ ಎತ್ತಿದರು. ಅಂದಾನೆಪ್ಪನ ಎದೆಯಲ್ಲಿ ರಾಮದುರ್ಗದ ಬಸ್ಸು ಮತ್ತೆ ಹಾರ್ನ್ ಹೊಡೆಯಿತು. ಆದರೆ ಸಾಹೇಬರು ಕುದುರೆಯನ್ನು ಗಾಳಿಯಲ್ಲೇ ತಿರುಗಿಸಿ ನೋಡಿ, ಹೋದ ಆಟದಲ್ಲಿ ಒಂಟೆ ಸರಿಯಾಗೇ ಇತ್ತು, ತಪ್ಪಿದ್ದು ಅದರ ಮುಂದೆ ಎಂದು ಗೊಣಗುತ್ತ ಅದನ್ನು ಮೊದಲಿನ ಜಾಗದಲ್ಲೇ ಇಟ್ಟರು.

ಅಂದಾನೆಪ್ಪನಿಗೆ ತಡೆಯಲಾಗಲಿಲ್ಲ. "ಸಾಹೇಬ್ರ, ಮುಟ್ಟಿದ ಕಾಯಿನ ಆಡಬೇಕ್ರಿ. ಅದು ರೂಲ್ ಐತ್ರಿ," ಎಂದ. ಅವನ ದನಿ ಬೇಡಿಕೊಳ್ಳುವ ದನಿಯಾಗಿತ್ತು.

"ನನ್ನ ಮನಿಯಾಗ ನನಗ ರೂಲ್ ಹೇಳತೀರೇನ್ರಿ?" ಎಂದ ಸಾಹೇಬರು ಒಂಟೆಯನ್ನು ಮೊದಲಿಗಿಂತ ಜೋರಾಗಿ ಇಟ್ಟರು. ರಾಜ ಎರಡನೆಯ ಸಲ ಸತ್ತ.

ಸಾಹೇಬರು ಎದ್ದು ಒಳಗೆ ಹೋದರು. ಗೋದಾಮಿನಲ್ಲಿ ಬೀರಪ್ಪನ ಬಾಜೂಕ್ಕೆ ಇನ್ನೊಂದು ಕುರ್ಚಿ ಹಿಡಿಯುತ್ತದೆಯೇ ಎಂದು ಅಂದಾನೆಪ್ಪ ಅಳತೆ ಹಾಕತೊಡಗಿದ. ಆದರೆ ಹೊರಬಂದಾಗ ಸಾಹೇಬರ ಕೈಯಲ್ಲಿ ಕರದಂಟಿನ ಡಬ್ಬಿಯಿತ್ತು. ಮುಖದಲ್ಲಿ ನಗುವೂ ಇತ್ತು. ಅವರು ಅಂದಾನೆಪ್ಪನ ಎದುರು ಕೂತು, ತಾವು ನೌಕರಿಗೆ ಸೇರಿದಾಗಿನಿಂದ ಯಾರ ಜೊತೆಗೂ ಸೋತಿರಲಿಲ್ಲವೆಂದೂ, ತಾವು ದೊಡ್ಡ ಆಟಗಾರರೆಂದೇ ನಂಬಿದ್ದರೆಂದೂ, ಬೀರಪ್ಪ ಬೇಕಂತಲೇ ಸೋತದ್ದು ಎದ್ದು ಕಂಡಿತು, ಉಳಿದವರು ಹಾಗೆ ಸೋತದ್ದು ಕಂಡಿರಲಿಲ್ಲ, ಅಷ್ಟೇ ವ್ಯತ್ಯಾಸವೆಂದು ಈಗ ಗೊತ್ತಾಯಿತೆಂದೂ ಹೇಳಿದರು. ಹೇಳುವಾಗ ಅವರ ದನಿ ಸ್ವಲ್ಪ ಸಣ್ಣದಾಯಿತು.

"ಇಷ್ಟ ಮಂದಿಯೊಳಗ ನೀವೊಬ್ರ ಖರೇ ಆಡಿದ್ರಿ," ಎಂದರು. "ನಿಮ್ಮಂಥಾವ್ರನ್ನ ರಾಮದುರ್ಗಕ್ಕ ಕಳಿಸಿ ನಾ ಇಲ್ಲಿ ಯಾರ ಕೂಡ ಆಡ್ಲಿ? ನಾ ಆಟ ಕಲಿಯೂ ತನಕ ನಿಮ್ಮನ್ನ ಬಿಡೂದಿಲ್ಲ. ರಾಮದುರ್ಗಕ್ಕ ಈ ಬಸವಣ್ಣೆಪ್ಪ ಹೋಗ್ಲಿ. ಮಂದಿ ಆಟದಾಗ ಬಾಯಿ ಹಾಕೂದು ಬಿಡ್ತಾರ."

ಬಸವಣ್ಣೆಪ್ಪನ ಬಾಯಲ್ಲಿದ್ದ ಕರದಂಟು ಅಲ್ಲೇ ಅಂಟಿಕೊಂಡಿತು. ಅವನು ಬೈಲಹೊಂಗಲದಲ್ಲಿ ಹೊಸ ಮನೆ ಕಟ್ಟಿಸಿ ಬಣ್ಣ ಹಚ್ಚಿಸುತ್ತಿದ್ದ.

ಇಬ್ಬರೂ ಸಾಹೇಬರ ಮನೆ ಬಿಟ್ಟು ಹೊರಟರು. ಮನೆ ಮುಟ್ಟುವ ಮೊದಲೇ ಅನ್ನಪೂರ್ಣಾಳ ಫೋನು ಬಂತು. ಸೋತಿರೇನು ಎಂದು ಕೇಳಿದಳು. "ಗೆದ್ನಿ," ಎಂದ ಅಂದಾನೆಪ್ಪ. "ಎರಡ ಸಲ," ಎಂದು ಅವನೇ ಸೇರಿಸಿದ. ಲಗ್ನವಾದಾಗಿನಿಂದ ಲೂಡೋದಲ್ಲಿ ಸಹ ತನ್ನನ್ನು ಗೆಲ್ಲದ ಗಂಡನಿಗೆ ಗೆಲ್ಲಲು ಬೇರೆ ದಿನ ಸಿಗಲಿಲ್ಲವೇ ಎಂದು ಕೇಳಿ ಅವಳು ಫೋನು ಇಟ್ಟಳು.

ಸೋಮವಾರ ಆರ್ಡರು ಆಯಿತು. ಅಂದಿನಿಂದ ಶನಿವಾರ ಸಂಜೆ ನಡುದಾರಿಯ ಯರಗಟ್ಟಿಯ ಬಸ್‌ಸ್ಟ್ಯಾಂಡಿನಲ್ಲಿ ಎರಡು ಬಸ್ಸುಗಳು ಎದುರುಬದುರು ನಿಲ್ಲುತ್ತವೆ. ಹೆಂಡತಿಯ ಕಡೆ ಹೊರಟ ಅಂದಾನೆಪ್ಪ ಒಂದರ ಕಿಟಕಿಯಲ್ಲಿ, ಹೊಸ ಮನೆಯ ಕಡೆ ಹೊರಟ ಬಸವಣ್ಣೆಪ್ಪ ಇನ್ನೊಂದರ ಕಿಟಕಿಯಲ್ಲಿ. ಒಬ್ಬರನ್ನೊಬ್ಬರು ನೋಡಿ ಕೈಯೆತ್ತುತ್ತಾರೆ. ಬೈಯುವಷ್ಟು ಹೊತ್ತು ಬಸ್ಸು ನಿಲ್ಲುವುದಿಲ್ಲ.

ಅಂದಾನೆಪ್ಪ ಕೈಚೆಲ್ಲಿ ಕೂಡಲಿಲ್ಲ. ಸಾಹೇಬರು ಬೇಗ ಕಲಿತಷ್ಟೂ ತನಗೆ ಬೇಗ ಬಿಡುಗಡೆ ಎಂದು ಪ್ರತಿ ಸಂಜೆ ಮನಸ್ಸಿಟ್ಟು ಕಲಿಸಿದ. ಸಾಹೇಬರು ಪುಸ್ತಕ ತರಿಸಿದರು, ಮೊಬೈಲಿನಲ್ಲಿ ಆಡಿದರು, ಅಮೋಘಸಿದ್ದಪ್ಪನವರ ಕಟ್ಟೆಗೂ ಹೋಗಿ ಬಂದರು. ದೀಪಾವಳಿಯ ಹೊತ್ತಿಗೆ ಅವರು ಕಣ್ಣುಮುಚ್ಚಿ ಕುದುರೆಯನ್ನು ಹೊರಗೆ ತರುವಂತಾದರು. ಇಂಗ್ಲೆಂಡಿನ ಆಟ ಅವರ ಮುಂದೆ ನಡೆಯದಾಯಿತು. ಅಂದಾನೆಪ್ಪ ಒಂದು ವಾರ ಪೂರ್ತಿ ಸೋತ. ಬೇಕಂತಲ್ಲ, ತಲೆ ಕೆರೆದುಕೊಂಡು, ಬೆವರು ಸುರಿಸಿ, ಅಪ್ಪಟವಾಗಿ ಸೋತ.

ಶುಕ್ರವಾರದ ಸೋಲು ಮುಗಿದ ಮೇಲೆ ಅವನು ಧೈರ್ಯ ಮಾಡಿದ. ಸಾಹೇಬರು ಈಗ ಕಲಿತಂತಾಯಿತಲ್ಲ, ರಾಮದುರ್ಗದ ವಿಚಾರ ಏನಾದರೂ ಆಗಬಹುದೇ ಎಂದು ಮೆಲ್ಲಗೆ ಕೇಳಿದ.

ಮಲಕಾಜಪ್ಪನವರು ಅವನನ್ನು ಮಗನನ್ನು ನೋಡುವಷ್ಟು ಪ್ರೀತಿಯಿಂದ ನೋಡಿದರು.

"ಇಷ್ಟ ದಿನ ಸೋತ ಸೋತ ಕಲ್ತೇನ್ರಿ," ಎಂದರು. "ಈಗ ಗೆಲ್ಲಾಕ ಹತ್ತೇನಿ. ಖರೇ ಆಡಿ ಖರೇ ಸೋಲಾವ್ರು ನೀವೊಬ್ರ ಸಿಕ್ಕೀರಿ. ಈಗ ಬಿಟ್ಟಗೊಡ್ತೇನೇನ್ರಿ ನಿಮ್ಮನ್ನ?"

ಎಂದು ಹೇಳಿ, ಸುಂದರವ್ವನವರಿಗೆ ಇನ್ನೆರಡು ಚಹಾ ಇಡಲು ಕೂಗಿದರು.