ಬೀಗ ಹಾಕಿದ ಮನೆಗೆ ಕಾಡ್ಗಿಚ್ಚು

ಮುನಿರಾಮಯ್ಯ ಅಡುಗೆಮನೆಯಲ್ಲಿ ಕುಕ್ಕರುಗಾಲಲ್ಲಿ ಕೂತು ಕಾಯಿಚಟ್ನಿ ಅರೆಯುತ್ತಿದ್ದರು. ಸದ್ದಾಗಬಾರದೆಂದು ಅರೆಯುವ ಕಲ್ಲಿನ ಕೆಳಗೆ ಹಳೇ ಕಂಬಳಿ ಮಡಿಸಿ ಹಾಕಿದ್ದರು. ಮಿಕ್ಸಿ ಮೂಲೆಯಲ್ಲಿ ಸುಮ್ಮನೆ ಕೂತಿತ್ತು. ಮುಂಬಾಗಿಲಿಗೆ ಬೀಗ ಬಿದ್ದಿರುವ ಮನೆಯೊಳಗೆ ಮಿಕ್ಸಿ ತಿರುಗಿದರೆ ಬೀದಿಯವರು ಸುಮ್ಮನಿರುತ್ತಾರೆಯೇ?

“ಇನ್ನೂ ಸ್ವಲ್ಪ ನುಣ್ಣಗೆ ಅರೀರಿ,” ಎಂದು ಹೆಂಡತಿ ಗಂಗಲಕ್ಷ್ಮಮ್ಮ ಪಿಸುಗುಟ್ಟಿದರು. “ಬೆಟ್ಟದ ಮೇಲೆ ತಣ್ಣಗೆ ಗಾಳಿ ಕುಡೀಬೇಕಾಗಿದ್ದೋಳು ಇಲ್ಲಿ ಕತ್ತಲೇಲಿ ತರಿತರಿ ಚಟ್ನಿ ತಿನ್ನೋ ಹಾಗಾಯ್ತು.”

“ಮೆತ್ತಗೆ ಮಾತಾಡೇ. ಆ ನರಸಮ್ಮ ಇರೋದು ಎದುರು ಮನೇಲಾದ್ರೂ ಅವರ ಕಿವಿ ಇರೋದು ನಮ್ಮ ಕಿಟಕೀಲಿ.”

ವಿಷಯ ಇಷ್ಟೆ. ಮುನಿರಾಮಯ್ಯ ರಾಜಾಜಿನಗರದ ಒಂದು ಜೇನು ಸಹಕಾರ ಸಂಘದಲ್ಲಿ ಗುಮಾಸ್ತರು. ಆ ಸಂಘಕ್ಕೆ ದೂರದ ಕಾಳಮ್ಮನ ಬೆಟ್ಟದಲ್ಲಿ, ಕಾಡಿನ ಅಂಚಿಗೆ, ಒಂದು ಉಗ್ರಾಣವಿತ್ತು. ಅದರ ಪಕ್ಕಕ್ಕೇ ಗೆಸ್ಟ್ ಹೌಸು. ಉಗ್ರಾಣ ನೋಡಿಕೊಳ್ಳುವವರ ಕೆಲಸ ಬಹಳ ಕಾಲದಿಂದ ಖಾಲಿ ಬಿದ್ದಿತ್ತು. ಇಂಥವರನ್ನು ಕಳಿಸುತ್ತೇವೆಂದು ಹೆಡ್ಡಾಫೀಸಿಗೆ ಬರೆಯಬೇಕಾದ ಕಾಗದವನ್ನು ಮ್ಯಾನೇಜರ್ ಶಿವಯೋಗಿಯವರು ಹೆಸರಿನ ಜಾಗವೊಂದನ್ನು ಖಾಲಿ ಬಿಟ್ಟು ಟೈಪ್ ಮಾಡಿಸಿ, ಚರ್ಮದ ಬ್ಯಾಗಿನಲ್ಲಿಟ್ಟುಕೊಂಡು ತಿರುಗುತ್ತಿದ್ದರು. ಒಲ್ಲೆನೆನ್ನುವವರನ್ನು ನೂಕಬಾರದು ಎಂಬುದು ಅವರ ಹಟ. ಅದಕ್ಕೇ ಒಬ್ಬೊಬ್ಬ ಗುಮಾಸ್ತರಿಗೂ ರಜೆ ಕೊಟ್ಟು, ಹೆಂಡತಿಯ ಜೊತೆ ಗೆಸ್ಟ್ ಹೌಸಿಗೆ ಕಳಿಸಿ, ಬಂದ ಮೇಲೆ “ಜಾಗ ಹಿಡಿಸ್ತಾ?” ಎಂದು ಕೇಳುತ್ತಿದ್ದರು. ಹೋದವರೆಲ್ಲ ಹೊಟ್ಟೆ ತುಂಬ ಜೇನು ನೆಕ್ಕಿ ಬಂದು, ಹಿಡಿಸಲಿಲ್ಲ ಎಂದಿದ್ದರು.

ಈ ಸಲ ಸರದಿ ಮುನಿರಾಮಯ್ಯನವರದು. ರಾಜಾಜಿನಗರ ಬಿಟ್ಟರೆ ತಮಗೆ ಉಸಿರೇ ಆಡುವುದಿಲ್ಲವೆಂದು ನಂಬಿದ್ದ ಮನುಷ್ಯ ಅವರು. ಅವರಿಗೆ ಆನೆ, ಚಿರತೆಗಳ ಭಯ ಅಷ್ಟಿರಲಿಲ್ಲ. ಹಿತ್ತಲು, ಹೂವಿನ ಗಿಡ, ನಾಲ್ಕು ಕೋಳಿ ಎಂದು ಮದುವೆಯಾದ ದಿನದಿಂದ ಹಂಬಲಿಸುತ್ತಿದ್ದ ಗಂಗಲಕ್ಷ್ಮಮ್ಮನ ಭಯವಿತ್ತು. ಆಕೆ ಆ ಜಾಗವನ್ನು ಒಂದು ಸಲ ಕಣ್ಣಲ್ಲಿ ಕಂಡರೆ ಮುಗಿಯಿತು, ಕಾಗದದ ಖಾಲಿ ಜಾಗ ತುಂಬಿದಂತೆಯೇ. ಆದ್ದರಿಂದ, “ಗೆಸ್ಟ್ ಹೌಸಿಗೆ ಚಿರತೆ ನುಗ್ತದಂತೆ ಕಣೇ” ಎಂದು ಹೇಳಿ, ಹಿಂದಿನ ದಿನ ಬೆಳಗ್ಗೆ ಬೀದಿಯವರೆದುರು ಬೀಗ ಹಾಕಿ, ಟ್ರಂಕು ಹಿಡಿದು ಹೊರಟು, ಸುತ್ತು ಹಾಕಿ ಮನೆಯ ಹಿಂದಿನ ಕನ್ಸರ್ವೆನ್ಸಿ ಗಲ್ಲಿಯಿಂದ ಹಿಂಬಾಗಿಲಿಗೆ ಬಂದು ಒಳಸೇರಿದ್ದರು. ರಜೆ ಮುಗಿಯುವ ತನಕ ಒಳಗಿದ್ದು, ಹೋಗಿ ಬಂದೆವು, ಹಿಡಿಸಲಿಲ್ಲ ಎಂದರಾಯಿತು.

ಚಟ್ನಿಗೆ ಉಪ್ಪು ಹಾಕುವ ಹೊತ್ತಿಗೆ ಬೀದಿಯಲ್ಲಿ ಕೇಬಲ್ ಮುರುಗೇಶನ ದನಿ ಕೇಳಿಸಿತು. ಅವನು ನರಸಮ್ಮನ ತಾರಸಿಯ ಮೇಲೆ ವೈರು ಎಳೆಯುತ್ತಿದ್ದ.

“ಆಂಟಿ, ಟೀವೀಲಿ ನ್ಯೂಸ್ ನೋಡಿದ್ರಾ? ಕಾಳಮ್ಮನ ಬೆಟ್ಟದ ಕಾಡಿಗೆ ನಿನ್ನೆ ಸಾಯಂಕಾಲದಿಂದ ಬೆಂಕಿ ಬಿದ್ದಿದೆಯಂತೆ.”

“ಅಯ್ಯೋ, ನಮ್ಮ ಮುನಿರಾಮಣ್ಣ ಹೋಗಿರೋದು ಅಲ್ಲಿಗೇ ಅಲ್ವೇನೋ,” ಎಂದರು ನರಸಮ್ಮ.

ನೋಡುನೋಡುತ್ತಿದ್ದಂತೆ ಬೀದಿಯ ಅರ್ಧ ಜನ ಮುನಿರಾಮಯ್ಯನವರದೇ ಜಗಲಿಯ ಮೇಲೆ ಬಂದು ಕೂತರು. ಒಳಗೆ ಗಂಡಹೆಂಡಿರು ಕಿಟಕಿಯ ಕೆಳಗೆ, ಗೋಡೆಗಂಟಿದ ಹಲ್ಲಿಗಳ ಹಾಗೆ, ಉಸಿರು ಬಿಗಿಹಿಡಿದು ಕುಳಿತರು.

“ಫೋನ್ ಹಾಕಿ ನೋಡೋ ಮುರುಗೇಶ,” ಎಂದರು ನರಸಮ್ಮ.

ಆಗಿನ್ನೂ ಎಲ್ಲರ ಕೈಗೂ ಮೊಬೈಲು ಬಂದಿರಲಿಲ್ಲ. ಆದರೆ ಮುನಿರಾಮಯ್ಯ ಹೋದ ತಿಂಗಳಷ್ಟೇ ಒಂದು ಕೊಂಡು, ಅದರ ನಂಬರನ್ನು ಬೀದಿಗೆಲ್ಲ ಹಂಚಿದ್ದರು. ಅದೀಗ ದೇವರ ಗೂಡಿನಲ್ಲಿ ನಾದಸ್ವರ ಶುರುಮಾಡಿತು. ನಿಲ್ಲಿಸುವ ಗುಂಡಿ ಯಾವುದೆಂದು ಗಾಬರಿಯಲ್ಲಿ ಮರೆತುಹೋಯಿತು. ಮುನಿರಾಮಯ್ಯ ಅಂಬೆಗಾಲಿಕ್ಕಿ ಹೋಗಿ ಅದನ್ನು ಹಿಡಿದು ಅಕ್ಕಿ ಡಬ್ಬದಲ್ಲಿ ಹೂತರು. ಅಕ್ಕಿಯೊಳಗಿಂದಲೂ ಅದು, ನೆಗಡಿಯಾದವರು ಹಾಡಿದಂತೆ, ಹಾಡುತ್ತಲೇ ಇತ್ತು.

“ಒಳಗೇ ಹೊಡ್ಕೊಳ್ತಾ ಇದೆ. ಮನೇಲೇ ಬಿಟ್ಟು ಹೋಗಿದಾರೆ,” ಎಂದ ಮುರುಗೇಶ.

“ಇದ ನೋಡ್ರಿ ಮೊದಲನೇ ತಪ್ಪು.” ಈ ದನಿ ಮೂಲೆಮನೆಯ ರಾಚಪ್ಪನವರದು. ಹುಬ್ಬಳ್ಳಿ ಕಡೆ ಅಗ್ನಿಶಾಮಕ ಗಾಡಿ ಓಡಿಸಿ ನಿವೃತ್ತರಾಗಿ, ಈಚೆಗೆ ಮಗಳ ಮನೆ ಎಂದು ಇಲ್ಲಿಗೆ ಬಂದವರು. ಬೆಂಕಿಯ ಬಗ್ಗೆ ಅವರನ್ನು ಈ ಬೀದಿಯಲ್ಲಿ ಯಾರೂ ಒಂದು ಮಾತೂ ಕೇಳಿರಲಿಲ್ಲ. ಇವತ್ತು ಕಾಲ ಕೂಡಿಬಂದಿತ್ತು. “ಕಾಡಿಗೆ ಹೊಂಟವರು ಫೋನ್ ಚಾರ್ಜ್ ಮಾಡಿ ಕಿಸೇದಾಗ ಇಟಗೋಬೇಕು. ಎಲ್ಲಿಗೆ ಹೊಂಟೇವಿ, ಯಾವಾಗ ಬರತೇವಿ, ಖರೇ ಖರೇ ಹೇಳಿ ಹೋಗಬೇಕು.”

ಒಳಗೆ ಗಂಗಲಕ್ಷ್ಮಮ್ಮ ಗಂಡನ ಮುಖವನ್ನು ಒಂದು ಥರ ನೋಡಿದರು.

“ಈಗ ಅವ್ರು ಏನ್ ಮಾಡ್ಬೇಕು ಸಾರ್?” ಮುರುಗೇಶ ಕೇಳಿದ.

“ಗುಡ್ಡ ಏರಿ ಓಡಬಾರದು. ಉರಿ ಮ್ಯಾಲಕ್ಕ ಏರೂದು ಮನಷಾನಕಿಂತ ಜೋರೈತಿ. ಗಾಳಿ ಎತ್ತಿಂದ ಬರತೈತಿ ನೋಡಿ, ಅಡ್ಡ ಹಾಯ್ದು ಕೆಳಗ ಇಳೀಬೇಕು. ನೈಲಾನ್ ಅರಿವಿ ಮೈಗೆ ಅಂಟತಾವು, ಹತ್ತೀ ಅರಿವಿ ಬೇಕು. ಮೂಗಿಗೆ ಹಸಿ ಬಟ್ಟಿ. ಗಾಡಿಯೊಳಗಿದ್ರ ಗಾಜು ಏರಿಸಿ, ಲೈಟ್ ಹಚ್ಚಿ ಸಾವಕಾಶ ನಡಸಬೇಕು. ಎಲ್ಲಾಕಿಂತ ದೊಡ್ಡದು, ಅರಣ್ಯದವರು ಜಾಗಾ ಬಿಡ್ರಿ ಅಂದ್ರ ಆಗಿಂದಾಗ ಬಿಡಬೇಕು. ಟ್ರಂಕ್ ತುಂಬಾಕ ನಿಂತ್ರ ಕಡೀಕ ಟ್ರಂಕೂ ಉಳಿಯೂದಿಲ್ಲ, ತುಂಬಾಂವನೂ ಉಳಿಯೂದಿಲ್ಲ.”

“ಇಷ್ಟೆಲ್ಲ ನಮ್ಮ ಮುನಿರಾಮಣ್ಣನ ಕೈಲಿ ಆಗಬೇಕಲ್ಲ,” ಎಂದು ನರಸಮ್ಮ ಸೆರಗಿನಿಂದ ಮೂಗು ಒರೆಸಿಕೊಂಡರು. “ಜಿರಲೆ ಕಂಡ್ರೆ ಮಂಚದ ಮೇಲೆ ಹತ್ತೋ ಜೀವ. ಗಂಗಕ್ಕ ಗಟ್ಟಿಗಿತ್ತಿ. ಕಂಕುಳಲ್ಲಿ ಇರುಕ್ಕೊಂಡಾದ್ರೂ ತಂದಾರು.”

ಗಂಗಲಕ್ಷ್ಮಮ್ಮ ಸೆರಗನ್ನು ಬಾಯಿಗೆ ತುರುಕಿಕೊಂಡು ನಕ್ಕರು. ಮುನಿರಾಮಯ್ಯನವರ ಮುಖ ಬೆಂದ ಬದನೆಕಾಯಿಯಾಯಿತು. ಜಿರಲೆಯ ಸಂಗತಿ ಬೀದಿಗೆಲ್ಲ ಗೊತ್ತೆಂಬುದು ಅವರಿಗೆ ಆವತ್ತೇ ಗೊತ್ತಾದದ್ದು.

ಅಷ್ಟರಲ್ಲಿ ಮುರುಗೇಶನಿಗೆ ಬುದ್ಧಿ ಓಡಿತು. “ಒಳಗೆ ಎಲ್ಲಾದ್ರೂ ಗೆಸ್ಟ್ ಹೌಸ್ ನಂಬರ್ ಬರೆದಿಟ್ಟಿರ್ತಾರೆ. ಬೀಗ ಒಡೆಯೋಣ. ನಾನು ಹೋಗಿ ಸುತ್ತಿಗೆ ತರ್ತೀನಿ. ಹಾಗೇ ಅವರ ಮ್ಯಾನೇಜರ್‌ಗೂ ಒಂದು ಫೋನ್ ಹಾಕ್ತೀನಿ.”

ಒಳಗೆ ಮುನಿರಾಮಯ್ಯ ಬಾಗಿಲ ಕಡೆ ನೋಡಿದರು. ಬೀಗ ಒಡೆದರೆ ಇಬ್ಬರೂ ಕಿಟಕಿ ಕೆಳಗೆ ಸಿಕ್ಕುತ್ತಾರೆ. ಬೀದಿಯಲ್ಲಿ ಮಾನ ಹೋಗುತ್ತದೆ, ಮ್ಯಾನೇಜರಿಗೆ ಸುಳ್ಳು ತಿಳಿಯುತ್ತದೆ, ಆಮೇಲೆ ಆ ಖಾಲಿ ಜಾಗದಲ್ಲಿ ಯಾರ ಹೆಸರು ಬೀಳುತ್ತದೆಂದು ಬಿಡಿಸಿ ಹೇಳಬೇಕಾಗಿಲ್ಲ. ಆದರೆ ಮರುಗಳಿಗೆಯಲ್ಲೇ ಮುನಿರಾಮಯ್ಯನವರ ತಲೆಯಲ್ಲಿ ದೀಪ ಹತ್ತಿತು.

“ಗಂಗಾ, ಇದು ಕಾಳಮ್ಮನೇ ಕೊಟ್ಟ ವರ ಕಣೇ. ಬೆಂಕಿಯಿಂದ ತಪ್ಪಿಸ್ಕೊಂಡು ಬಂದ್ವಿ ಅಂತ ಈಗಲೇ ಮುಂದಿನ ಬಾಗಿಲಿಗೆ ಹೋಗೋಣ. ಸಾಯೋದರಿಂದ ಉಳಿದು ಬಂದೋನನ್ನ ವಾಪಸ್ ಅಲ್ಲಿಗೇ ಕಳಿಸೋ ಅಷ್ಟು ಕಟುಕರಲ್ಲ ನಮ್ಮ ಸಾಹೇಬ್ರು.”

“ನಿಮ್ಮ ಸುಳ್ಳಿಗೆ ನನ್ನ ಸೀರೆ ಯಾಕೆ ಹಾಳಾಗ್ಬೇಕು?”

“ಹಳೇದು ಉಟ್ಕೊ.”

ಟ್ರಂಕು ಎತ್ತಿಕೊಂಡು ಹಿಂಬಾಗಿಲಿಂದ ಕನ್ಸರ್ವೆನ್ಸಿ ಗಲ್ಲಿಗೆ ಇಳಿದರು. ಅಲ್ಲಿ ಉದುರಿದ ಎಲೆ ಗುಡಿಸಿ ಸುಟ್ಟ ಬೂದಿಯ ಗುಡ್ಡೆ ಹೇಳಿ ಮಾಡಿಸಿಟ್ಟಂತೆ ಕಾದಿತ್ತು. ಮುನಿರಾಮಯ್ಯ ಮುಖಕ್ಕೆ, ಕತ್ತಿಗೆ, ಅಂಗಿಗೆ ಧಾರಾಳವಾಗಿ ಬಳಿದುಕೊಂಡರು. ಹೆಂಡತಿಯ ಹಣೆಗೂ ಒಂದು ಗೆರೆ ಎಳೆದರು. ಗಲ್ಲಿಯ ಬಾಯಲ್ಲಿ ಸಿಕ್ಕ ಆಟೋ ಹತ್ತಿ, “ಈ ಪಕ್ಕದ ಬೀದಿಗೆ ಬಿಡಪ್ಪ,” ಎಂದರು.

“ನಡ್ಕೊಂಡ್ ಹೋದ್ರೆ ಬೇಗ ಹೋಗ್ತೀರಲ್ಲ ಸಾರ್,” ಎಂದ ಆಟೋದವನು ಇವರ ಮುಖ ನೋಡಿ, ಇದು ಯಾವುದೋ ಹರಕೆಯಿರಬೇಕೆಂದು ತೆಪ್ಪಗಾದ.

ಮುರುಗೇಶ ಸುತ್ತಿಗೆ ಎತ್ತಿ ಬೀಗಕ್ಕೆ ಇನ್ನೇನು ಹೊಡೆಯಬೇಕು, ಆಟೋ ಬಂದು ನಿಂತಿತು.

“ನಿಲ್ಸೋ ಮಗಾ, ಅದು ಒಳ್ಳೇ ಬೀಗ,” ಎನ್ನುತ್ತ ಮುನಿರಾಮಯ್ಯ ಇಳಿದು, ಒಂದು ಕಾಲು ಎಳೆಯುತ್ತ ಬಂದು ತಮ್ಮ ಜಗಲಿಯ ಮೇಲೆ ಕುಸಿದರು.

ನರಸಮ್ಮ ಓಡಿ ಹೋಗಿ ನೀರು ತಂದರು. ಯಾರೋ ಬೀಸಣಿಗೆ ತಂದರು. ಇಂಥ ಉಪಚಾರ ಮುನಿರಾಮಯ್ಯನವರಿಗೆ ಅವರ ಮದುವೆಯಲ್ಲೂ ಸಿಕ್ಕಿರಲಿಲ್ಲ. ಬಾಯಿ ತಾನಾಗಿ ತೆರೆದುಕೊಂಡಿತು.

“ಏನು ಹೇಳಲಿ ನರಸಮ್ಮ. ಮೂರು ಕಡೆ ಉರಿ. ಎಲ್ಲರೂ ಬೆಟ್ಟದ ತುದಿಗೆ ಓಡೋಣ ಅಂತ ಹೊರಟ್ರು. ನಾನು ಬಿಡ್ಲಿಲ್ಲ. ಉರಿ ಮೇಲಕ್ಕೇ ಏರೋದು, ಕೆಳಗಿಳೀರಿ ಅಂದೆ. ಬೆರಳು ನೆನೆಸಿ ಗಾಳಿ ಯಾವ ಕಡೆಯಿಂದ ಬರುತ್ತೆ ಅಂತ ನೋಡ್ದೆ. ನೈಲಾನ್ ಬಟ್ಟೆ ಹಾಕಿದ್ದೋರಿಗೆಲ್ಲ ನನ್ನ ಪಂಚೆ ಹರಿದು ಕೊಟ್ಟೆ. ಮೂಗಿಗೆ ಒದ್ದೆ ಬಟ್ಟೆ ಕಟ್ಟಿಸ್ದೆ. ಜೀಪಿನ ಗಾಜು ಏರಿಸಿ, ಲೈಟ್ ಹಾಕಿಸಿ, ನಾನೇ ಮುಂದೆ ನಡೆದು ದಾರಿ ತೋರಿಸ್ದೆ.”

“ಬೆಂಕಿ ಒಳಗೆ ನಡೆದ್ರಾ ಸಾರ್?” ಮುರುಗೇಶ ಬಾಯಿ ಬಿಟ್ಟುಕೊಂಡು ಕೇಳಿದ.

“ಜಿರಲೆ ಅಲ್ಲಪ್ಪ ಅದು, ಬರೀ ಬೆಂಕಿ,” ಎಂದರು ಮುನಿರಾಮಯ್ಯ, ನರಸಮ್ಮನ ಕಡೆ ನೋಡಿ. ನರಸಮ್ಮ ಯಾಕೋ ಕೆಮ್ಮಿದರು.

ರಾಚಪ್ಪನವರ ಕಣ್ಣು ತುಂಬಿಬಂದವು. “ನಾ ಈಗ ಇಲ್ಲಿ ಕೂತು ಹೇಳಿದ್ದನ್ನ ಒಂದಕ್ಷರ ಬಿಡದ ಅಲ್ಲಿ ಮಾಡಿ ಬಂದಾರ. ಹಿಂಥಾ ಶಿಷ್ಯಾ ನನ್ನ ಇಡೀ ಸರ್ವೀಸಿನಾಗ ಸಿಗಲಿಲ್ಲ ನೋಡ್ರಿ.”

ಗಂಗಲಕ್ಷ್ಮಮ್ಮ ಮಾತ್ರ ಆಕಾಶ ನೋಡುತ್ತ ಕೂತಿದ್ದರು.

ಆಗ ಗುಂಪು ಸರಿದು, ಹಿಂದೆ ನಿಂತು ಕೇಳಿಸಿಕೊಳ್ಳುತ್ತಿದ್ದ ಮ್ಯಾನೇಜರ್ ಶಿವಯೋಗಿಯವರು ಮುಂದೆ ಬಂದರು. ಕೈಯಲ್ಲಿ ಅದೇ ಚರ್ಮದ ಬ್ಯಾಗು. ಮುನಿರಾಮಯ್ಯ ಇನ್ನಷ್ಟು ಬಳಲಿ ಜಗಲಿಯ ಕಂಬಕ್ಕೆ ಒರಗಿದರು.

“ಸಾರ್, ಅದು ಮನುಷ್ಯರಿರೋ ಜಾಗವಲ್ಲ. ನಿಮ್ಮ ಮಾತಿಗೆ ಹೋದೆ, ದೇವರು ದೊಡ್ಡೋನು, ಉಳ್ಕೊಂಡೆ.”

“ನಿಜ ಮುನಿರಾಮಯ್ಯನವರೇ,” ಎಂದರು ಶಿವಯೋಗಿ, ಎಲ್ಲರಿಗೂ ಕೇಳುವಂತೆ. “ಬೇಸಿಗೆ ಬಂದ್ರೆ ಅಲ್ಲಿ ಬೆಂಕಿ ಭಯ ಇದ್ದೇ ಇರುತ್ತೆ. ಏನೂ ತಿಳಿಯದೋರನ್ನ ಕಳಿಸಿ ಹೆಚ್ಚುಕಮ್ಮಿಯಾದ್ರೆ ಅಂತಲೇ ಇಷ್ಟು ದಿನ ಈ ಕಾಗದ ಹಿಡ್ಕೊಂಡು ಕೂತಿದ್ದೆ. ಬೆಂಕಿ ಬಂದ್ರೆ ಏನು ಮಾಡ್ಬೇಕು ಅಂತ ನಮ್ಮ ಆಫೀಸಲ್ಲಿ ಇಷ್ಟು ಚೆನ್ನಾಗಿ ಬಲ್ಲೋರು ಇದ್ದಾರೆ ಅಂತ ನನಗೇನು ಗೊತ್ತಿತ್ತು?”

ಬೀದಿಯವರು ಚಪ್ಪಾಳೆ ತಟ್ಟಿದರು. ಮುನಿರಾಮಯ್ಯನವರ ಬಳಲಿಕೆ ಒಮ್ಮೆಲೇ ಹಾರಿಹೋಯಿತು. “ಸಾರ್, ಅಷ್ಟೇನಿಲ್ಲ, ನಾನು ಸ್ವಲ್ಪ ಜಾಸ್ತಿನೇ...”

ಶಿವಯೋಗಿಯವರು ಪಕ್ಕದಲ್ಲಿ ಕೂತು, ಹೆಗಲ ಮೇಲೆ ಕೈ ಹಾಕಿ, ಅವರೊಬ್ಬರಿಗೇ ಕೇಳುವಷ್ಟು ಮೆಲ್ಲಗೆ ಮಾತಾಡಿದರು.

“ಬೆಳಗ್ಗೆ ಗೆಸ್ಟ್ ಹೌಸಿನ ಕಾವಲುಗಾರ ಬೈರಯ್ಯ ಫೋನ್ ಮಾಡಿದ್ದ. ಅರಣ್ಯದವರು ನಿನ್ನೆ ಸಾಯಂಕಾಲವೇ ಎಲ್ಲರನ್ನೂ ಹುಷಾರಾಗಿ ಕೆಳಗಿನ ಊರಿಗೆ ಇಳಿಸಿದಾರೆ. ಆಫೀಸಿಂದ ಬರಬೇಕಾಗಿದ್ದ ಗಂಡಹೆಂಡ್ತಿ ಮಾತ್ರ ಕಾಣಿಸ್ತಿಲ್ಲ, ದಾರಿ ತಪ್ಪಿ ಕಾಡಲ್ಲಿ ಸಿಕ್ಕಾಕ್ಕೊಂಡಿರ್ಬೇಕು, ಮೇಲೆ ಹತ್ತಿ ಹುಡುಕ್ತೀನಿ ಅಂತ ಹೊರಟಿದ್ದ. ಆ ಉರಿಯೊಳಗೆ. ನನಗೂ ಏನು ಹೇಳ್ಬೇಕೋ ತೋಚದೆ, ವಿಚಾರಿಸಿ ಹೇಳ್ತೀನಿ ತಡಿಯಪ್ಪ ಅಂದು, ನಿಮ್ಮ ಮನೆ ಕಡೆ ಬಂದೆ.”

ಬೈರಯ್ಯನೆಂಬ ಒಬ್ಬ ಮನುಷ್ಯ ಅಲ್ಲಿರುತ್ತಾನೆ, ತಮಗಾಗಿ ಕಾಯುತ್ತಾನೆ ಎಂಬುದು ಮುನಿರಾಮಯ್ಯನವರ ತಲೆಗೆ ಬಂದೇ ಇರಲಿಲ್ಲ.

“ಅವನು... ಹತ್ತಿದ್ನಾ ಸಾರ್?”

“ಇಲ್ಲ. ಕನ್ಸರ್ವೆನ್ಸಿ ಗಲ್ಲಿ ಬಾಯಲ್ಲಿ ಸ್ಕೂಟರ್ ನಿಲ್ಲಿಸ್ತಾ ಇದ್ದೆ. ಅಲ್ಲಿಂದಲೇ ಫೋನ್ ಮಾಡಿ, ಹತ್ಬೇಡಪ್ಪ, ಇಬ್ರೂ ಸಿಕ್ಕಿದ್ರು ಅಂದೆ.” ಶಿವಯೋಗಿಯವರು ಜೇಬಿನಿಂದ ಕರ್ಚೀಫು ತೆಗೆದು ಅವರ ಕೈಗಿಟ್ಟರು. “ಬೂದಿ ಬಳ್ಕೊಳ್ಳೋವಾಗ ಎಡಗಿವಿ ಬಿಟ್ಟೋಗಿದೆ ನೋಡಿ. ಅದೊಂದೇ ಬೆಳ್ಳಗಿದೆ.”

ಮುನಿರಾಮಯ್ಯ ಎಡಗೈಯಿಂದ ಕಿವಿ ಮುಚ್ಚಿಕೊಂಡರು.

“ಒಲ್ಲೆ ಅನ್ನೋರನ್ನ ನಾನು ನೂಕೋದಿಲ್ಲ,” ಎಂದು ಶಿವಯೋಗಿ ಮತ್ತೆ ದನಿ ಎತ್ತಿದರು. “ಎಲ್ಲರೆದುರಿಗೂ ಕೇಳ್ತೀನಿ. ಹೋಗ್ತೀರೋ, ಇಲ್ಲ ಈಗ ನಡೆದದ್ದೆಲ್ಲ ಇವರಿಗೆ ಇನ್ನೊಂದು ಸಲ ಪೂರ್ತಿಯಾಗಿ ಹೇಳೋಣವೋ?”

“ಇನ್ನೊಂದು ಸಲ ಹೇಳಿ ಸಾರ್, ನಾನು ಶುರು ಕೇಳಿಸ್ಕೊಳ್ಳಲಿಲ್ಲ,” ಎಂದ ಆಟೋದವನು. ಅವನಿನ್ನೂ ಹೋಗಿರಲಿಲ್ಲ.

“ಹೋಗ್ತೀನಿ,” ಎಂದರು ಮುನಿರಾಮಯ್ಯ.

“ಅಲ್ಲಿ ಹಿತ್ತಲಿದೆಯಾ ಸಾರ್?” ಜಗಲಿಗೆ ಬಂದ ಮೇಲೆ ಮೊದಲ ಬಾರಿ ಬಾಯಿಬಿಟ್ಟ ಗಂಗಲಕ್ಷ್ಮಮ್ಮ ಕೇಳಿದರು.

“ಬೇಕಾದಷ್ಟಿದೆ ತಾಯಿ. ಮನೆ ಸುತ್ತ ಒಣಗಿದ ಎಲೆ, ಕಡ್ಡಿ ಇಲ್ಲದ ಹಾಗೆ ಗುಡಿಸಿಟ್ಕೊಂಡ್ರೆ ಸಾಕು. ಆ ಕೆಲಸ ಇವರು ಮಾಡ್ತಾರೆ.”

ಶಿವಯೋಗಿಯವರು ಜಗಲಿಯ ಮೇಲೇ ಕಾಗದ ಬಿಡಿಸಿ ಹೆಸರು ತುಂಬಿದರು, ಸಹಿ ಹಾಕಿದರು, ಲಕೋಟೆ ಅಂಟಿಸಿ ಮುನಿರಾಮಯ್ಯನವರ ಕೈಗೇ ಕೊಟ್ಟರು. ತಿರುವಿನಲ್ಲಿದ್ದ ಅಂಚೆ ಡಬ್ಬದ ತನಕ ಬೀದಿಯೆಲ್ಲ ಮೆರವಣಿಗೆಯಂತೆ ಹಿಂದೆ ಬಂತು. ರಾಚಪ್ಪನವರು ಪಕ್ಕದಲ್ಲೇ ನಡೆಯುತ್ತ, ಅಲ್ಲಿ ಹೋದ ಮೇಲೆ ಮಾಡಬೇಕಾದದ್ದನ್ನೆಲ್ಲ ಮೊದಲಿಂದ ಹೇಳತೊಡಗಿದ್ದರು.

ಡಬ್ಬದ ಬಾಯಲ್ಲಿ ಮುನಿರಾಮಯ್ಯನವರ ಕೈ ನಿಂತಿತು. ಲಕೋಟೆ ಅರ್ಧ ಒಳಗೆ, ಅರ್ಧ ಹೊರಗೆ. ಅದನ್ನು ಬಿಡಲು ಬೆರಳುಗಳು ಒಪ್ಪಲಿಲ್ಲ.

ಗಂಗಲಕ್ಷ್ಮಮ್ಮ ಹಿಂದಿನಿಂದ ಕೈ ಚಾಚಿ, ಅದನ್ನು ಒಂದೇ ಬೆರಳಿನಿಂದ ಒಳಕ್ಕೆ ನೂಕಿದರು.